ಮಳೆಕಾಡಿನ ಸ್ವಯಂಸೇವೆ: ದುಡಿಯೋಕೆ ದುಡ್ಡು ಕೊಡೋದು ಎಲ್ಲಿಂದ ಬಂತು, ಊರಿನವರು ಯಾವಾಗ ಲೆಕ್ಕಕ್ಕೆ ಬಂದರು

ಮಳೆಕಾಡು ಉಳಿಸುವ ಕೆಲಸಕ್ಕೆ ಒಂದಷ್ಟು ವಾರ ಹೋಗಿ ಬರೋಣ ಅಂತ ಹುಡುಕೋಕೆ ಕೂತವರ ಕಣ್ಣಿಗೆ ಮೊದಲು ಬೀಳೋದು ಶುಲ್ಕ. ಬೆವರು ಸುರಿಸೋರು ನಾವು, ದುಡ್ಡು ಕೊಡೋರೂ ನಾವೇನಾ? ನ್ಯಾಯವಾದ ಪ್ರಶ್ನೆ. ಉತ್ತರ ಬೇಕಿದ್ದರೆ ಈ ಕೆಲಸ ಹೇಗೆ ಶುರುವಾಯಿತು ಅಂತ ನೋಡಬೇಕು. ಹಾಗೆ ನೋಡುತ್ತಾ ಹೋದರೆ ಅದಕ್ಕಿಂತ ದೊಡ್ಡ ಇನ್ನೊಂದು ಪ್ರಶ್ನೆ ಎದುರಾಗುತ್ತದೆ. ಕಾಡಿನ ಅಂಚಿನಲ್ಲೇ ಬದುಕುವ ಜನರನ್ನು ಯಾರಾದರೂ ಕೇಳಿದ್ದರಾ? ಬಹಳ ಕಾಲ ಕೇಳಿರಲಿಲ್ಲ. ಕೇಳಿದ ಕಡೆ ಕಾಡಿಗೂ ಒಳ್ಳೆಯದಾಗಿದೆ.

ಸಂಘಟಿತ ಸ್ವಯಂಸೇವೆಗೂ ಕಾಡಿಗೂ ಮೊದಲು ಅಂಥ ಸಂಬಂಧವೇ ಇರಲಿಲ್ಲ. ಬ್ರಿಟನ್ನಿನಲ್ಲಿ 1958ರಲ್ಲಿ ವಿಎಸ್‌ಒ (ವಾಲಂಟರಿ ಸರ್ವಿಸ್ ಓವರ್‌ಸೀಸ್) ಅನ್ನೋ ಸ್ವಯಂಸೇವಾ ಸಂಸ್ಥೆ ಹುಟ್ಟಿತು, ಅಮೆರಿಕದಲ್ಲಿ 1961ರಲ್ಲಿ ಸರ್ಕಾರದ್ದೇ ಆದ ಪೀಸ್ ಕೋರ್. ಯುವಕ ಯುವತಿಯರು ದೂರದ ದೇಶಗಳಿಗೆ ಹೋಗಿ ಪಾಠ ಹೇಳಿದರು, ಆಸ್ಪತ್ರೆಗಳಲ್ಲಿ ದುಡಿದರು, ಬೇಸಾಯಕ್ಕೆ ನೆರವಾದರು. ಆಗ ಅಭಿವೃದ್ಧಿ ಅಂದರೆ ಅದು. ಕಾಡು ಅನ್ನೋದು ಇನ್ನೂ ಕಡಿದು ಹೊಲವೋ ಹುಲ್ಲುಗಾವಲೋ ಮಾಡಬೇಕಾದ ಜಾಗ. ಮಧ್ಯ ಅಮೆರಿಕದಲ್ಲಂತೂ ದನ ಸಾಕಣೆಗೆ ಅಗ್ಗದ ಸಾಲ ಸಿಗುತ್ತಿತ್ತು, ಗೋಮಾಂಸ ರಫ್ತಾಗುತ್ತಿತ್ತು, ಮರ ಕಡಿದು ನೆಲ ತೆರವು ಮಾಡಿದವನಿಗೇ ಅದರ ಮೇಲೆ ಹಕ್ಕು ಸಿಗುವಂಥ ವ್ಯವಸ್ಥೆ ಅನೇಕ ದೇಶಗಳಲ್ಲಿ ಇತ್ತು. ಜನರ ಒಳಿತು ಒಂದು ಇಲಾಖೆ, ಕಾಡು ಇನ್ನೊಂದು ಇಲಾಖೆ. ಈ ಒಡಕಿನಿಂದ ಆದ ನಷ್ಟ ದೊಡ್ಡದು.

ಶುಲ್ಕದ ಕಥೆಗೆ ಬರೋಣ. 1971ರಲ್ಲಿ ಬಾಸ್ಟನ್ನಿನಲ್ಲಿ ಅರ್ಥ್‌ವಾಚ್ ಅನ್ನೋ ಸಂಸ್ಥೆ ಶುರುವಾಯಿತು. ಅದರ ಯೋಚನೆ ಸರಳ. ಸಂಶೋಧಕರಿಗೆ ಹಣವೂ ಸಾಲುತ್ತಿಲ್ಲ, ಕೈಗಳೂ ಸಾಲುತ್ತಿಲ್ಲ. ಆಸಕ್ತಿ ಇರುವ ಸಾಮಾನ್ಯ ಜನ ಖರ್ಚಿನ ಒಂದು ಪಾಲು ಕೊಟ್ಟು, ಸಂಶೋಧನೆ ನಡೆಯುವ ಜಾಗಕ್ಕೆ ಬಂದು ಕೆಲಸವನ್ನೂ ಮಾಡಿದರೆ ಎರಡೂ ನೀಗುತ್ತದೆ. ದುಡ್ಡು ಕೊಟ್ಟು ದುಡಿಯುವ ಪದ್ಧತಿ ಗಟ್ಟಿಯಾಗಿದ್ದು ಇಂಥ ಪ್ರಯೋಗಗಳಿಂದಲೇ. ಅದರಲ್ಲಿ ಮೋಸವೇನೂ ಇರಲಿಲ್ಲ. ಹೊಸಬರಿಗೆ ಊಟ, ವಸತಿ, ಓಡಾಟ, ಕಲಿಸುವವರ ಸಮಯ ಎಲ್ಲಕ್ಕೂ ಖರ್ಚಿದೆ, ಅದನ್ನು ಕಾಡಿನ ಹಣದಿಂದ ತೆಗೆಯಬಾರದು ಅಲ್ವಾ?

ಕೈಗಳು ಅಷ್ಟೊಂದು ಯಾಕೆ ಬೇಕು ಅಂತ ಅನ್ನಿಸಬಹುದು. ಮರ ಅಳೆಯುವ ಕೆಲಸವನ್ನೇ ನೋಡಿ. ನೆಲದಿಂದ 1.3 ಮೀಟರ್ ಎತ್ತರದಲ್ಲಿ, ಅಂದರೆ ಸುಮಾರು ಎದೆಮಟ್ಟಕ್ಕೆ, ಟೇಪು ಸುತ್ತಬೇಕು. ಟೇಪು ಓರೆಯಾಗಬಾರದು, ಬಳ್ಳಿ ಸುತ್ತಿಕೊಂಡಿದ್ದರೆ ಅದರ ಅಡಿಯಿಂದ ತೂರಿಸಬೇಕು. ಮಳೆಕಾಡಿನ ಎಷ್ಟೋ ಮರಗಳ ಬುಡ ಗೋಡೆಯ ಹಾಗೆ ಚಾಚಿಕೊಂಡಿರುತ್ತದೆ. ಅಂಥಲ್ಲಿ ಏಣಿ ಹತ್ತಿ ಆ ಬೇರುಗೋಡೆಗಿಂತ ಮೇಲೆ ಅಳೆದು, ಅಳೆದ ಜಾಗಕ್ಕೆ ಬಣ್ಣ ಬಳಿಯಬೇಕು. ಕೆಲವು ವರ್ಷ ಬಿಟ್ಟು ಬರುವವರು ಅದೇ ಜಾಗದಲ್ಲಿ ಅಳೆಯದಿದ್ದರೆ ಮರ ಬೆಳೆಯಿತೋ ಇಲ್ಲವೋ ಗೊತ್ತೇ ಆಗುವುದಿಲ್ಲ. ಪನಾಮಾದ ಬಾರೊ ಕೊಲೊರಾಡೊ ದ್ವೀಪದಲ್ಲಿ 1980ರ ದಶಕದ ಆರಂಭದಲ್ಲಿ 50 ಹೆಕ್ಟೇರ್ ಜಾಗವನ್ನು ಗುರುತಿಸಿ, ಒಂದು ಸೆಂಟಿಮೀಟರಿಗಿಂತ ದಪ್ಪ ಇರುವ ಪ್ರತಿಯೊಂದು ಗಿಡವನ್ನೂ ತರಬೇತಾದ ತಂಡಗಳು ಲೆಕ್ಕ ಹಾಕಿದವು. ಎರಡು ಲಕ್ಷಕ್ಕೂ ಜಾಸ್ತಿ ಕಾಂಡಗಳು ಸಿಕ್ಕವು. ಇಂಥ ಕೆಲಸ ಸುಮ್ನೆ ಉತ್ಸಾಹದಿಂದ ಆಗುವುದಿಲ್ಲ, ತಾಳ್ಮೆ ಬೇಕು.

ಇನ್ನೊಂದು ಬಗೆಯ ಸ್ವಯಂಸೇವಕರೂ ಇದ್ದರು. ಇವರಿಗೆ ಯಾರೂ ಶುಲ್ಕ ಕೇಳಲಿಲ್ಲ, ಯಾಕೆಂದರೆ ಇವರು ಅಲ್ಲಿಯವರೇ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ ಟೆರೇನಿಯಾ ಕ್ರೀಕ್‌ನಲ್ಲಿ 1979ರಲ್ಲಿ ಮರ ಕಡಿಯೋಕೆ ಯಂತ್ರಗಳು ಬಂದಾಗ ಸುತ್ತಮುತ್ತಲಿನ ನಿವಾಸಿಗಳು ಅಡ್ಡ ನಿಂತರು. ಮಳೆಕಾಡಿಗಾಗಿ ನಡೆದ ಆರಂಭದ ನೇರ ಪ್ರತಿಭಟನೆಗಳಲ್ಲಿ ಇದೂ ಒಂದು. 1982ರಲ್ಲಿ ಅಲ್ಲಿನ ಸರ್ಕಾರ ರಾಜ್ಯದ ಮಳೆಕಾಡುಗಳ ದೊಡ್ಡ ಭಾಗವನ್ನು ರಕ್ಷಿಸುವ ತೀರ್ಮಾನ ತೆಗೆದುಕೊಂಡಿತು.

ಅದೇ 1982ರಲ್ಲಿ ಇನ್ನೂ ಉತ್ತರಕ್ಕೆ, ಕ್ವೀನ್ಸ್‌ಲ್ಯಾಂಡಿನ ಆಥರ್ಟನ್ ಪ್ರಸ್ಥಭೂಮಿಯಲ್ಲಿ, ಟ್ರೀಟ್ ಅನ್ನೋ ಗುಂಪು ಹುಟ್ಟಿತು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಸ್ವಯಂಸೇವೆ ಚೆನ್ನಾಗಿ ನಡೆದರೆ ಹೇಗಿರುತ್ತದೆ ಅನ್ನೋದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉದಾಹರಣೆ ಇದು. ಅಲ್ಲಿನ ಕಾಡನ್ನು ಹೈನುಗಾರಿಕೆಗೆ, ಮೆಕ್ಕೆಜೋಳಕ್ಕೆ ಕಡಿದು ಚೂರುಚೂರು ಮಾಡಿ ಆಗಿತ್ತು. ಊರಿನವರು ರಾಷ್ಟ್ರೀಯ ಉದ್ಯಾನದ ಸಿಬ್ಬಂದಿ ಜೊತೆ ಸೇರಿ ಈಚಮ್ ಸರೋವರದ ಹತ್ತಿರದ ನರ್ಸರಿಯಲ್ಲಿ ಶುಕ್ರವಾರ ಬೆಳಗ್ಗೆ ಸೇರೋದನ್ನು ರೂಢಿ ಮಾಡಿಕೊಂಡರು. ಹಣ್ಣು ಆರಿಸಿ ತರೋದು, ತಿರುಳು ತೊಳೆದು ಬೀಜ ತೆಗೆಯೋದು, ಬಿತ್ತೋದು, ಮೊಳೆತ ಸಸಿಗಳನ್ನು ಒಂದೊಂದಾಗಿ ಬೇರೆ ಮಾಡಿ ನೆಡೋದು. ಮಳೆಕಾಡಿನ ಎಷ್ಟೋ ಬೀಜಗಳು ಒಣಗಿದರೆ ಸತ್ತುಹೋಗುತ್ತವೆ, ಚೀಲದಲ್ಲಿ ತುಂಬಿಟ್ಟು ಮುಂದಿನ ವರ್ಷ ನೋಡೋಣ ಅಂದರೆ ಆಗುವುದಿಲ್ಲ. ಹಣ್ಣು ಬಿದ್ದ ಕೂಡಲೇ ಕೆಲಸ ಆಗಬೇಕು. ಎರಡು ವಾರಕ್ಕೆ ಬಂದು ಹೋಗುವವರಿಂದ ಇದು ಹೇಗೆ ಸಾಧ್ಯ? ಅಲ್ಲೇ ಇರುವವರು ಬೇಕು.

1995ರಿಂದ 1998ರವರೆಗೆ ಇವರೆಲ್ಲ ಸೇರಿ ಡೊನಗೀಸ್ ಕಾರಿಡಾರ್ ಅನ್ನೋ ಹಸಿರು ದಾರಿ ಬೆಳೆಸಿದರು. ಬೇರೆಬೇರೆಯಾಗಿದ್ದ ಎರಡು ಕಾಡುಗಳ ನಡುವೆ, ದನ ಮೇಯಿಸುವ ಒಂದು ಜಮೀನಿನ ಮೂಲಕ ಹರಿಯುವ ತೊರೆಯ ಉದ್ದಕ್ಕೂ, ಸುಮಾರು 1.2 ಕಿಲೋಮೀಟರ್ ಉದ್ದ, 100 ಮೀಟರ್ ಅಗಲದ ಪಟ್ಟಿ. ಜಮೀನಿನವರು ಜಾಗ ಬಿಟ್ಟರು. ಬದಲಿಗೆ ಬೇಲಿ ಆಯಿತು, ತೊರೆಗೆ ಇಳಿಯೋಕೆ ಆಗದ ದನಗಳಿಗೆ ನೀರಿನ ತೊಟ್ಟಿ ಆಯಿತು, ಗಾಳಿ ತಡೆಯುವ ಮರಗಳ ಸಾಲೂ ಬಂತು. ಕೆಲವೇ ವರ್ಷಗಳಲ್ಲಿ ನೆಟ್ಟ ಮರಗಳ ಕೆಳಗೆ ತಾವಾಗೇ ಹುಟ್ಟಿಕೊಂಡ ಸಸ್ಯಗಳು ನೂರಕ್ಕೂ ಜಾಸ್ತಿ ಜಾತಿಯವು. ಹಕ್ಕಿಗಳು, ಬಾವಲಿಗಳು, ಗಾಳಿ ತಂದ ಬೀಜಗಳು. ಕಾಡಿಗೂ ಲಾಭ, ದನ ಸಾಕುವವರಿಗೂ ನಷ್ಟವಿಲ್ಲ. ಸುಸ್ಥಿರ ಅಭಿವೃದ್ಧಿ ಅಂತ ದೊಡ್ಡ ಮಾತಿನಲ್ಲಿ ಹೇಳುವುದು ನೆಲದ ಮೇಲೆ ಇಷ್ಟು ಸರಳವಾಗಿರಬಹುದು.

ಕೋಸ್ಟರೀಕಾದ ಮಾಂಟೆವರ್ಡೆ ಇನ್ನೊಂದು ದಾರಿ ಹಿಡಿಯಿತು. 1951ರಲ್ಲಿ ಅಮೆರಿಕದ ಅಲಬಾಮಾದಿಂದ ಕೆಲವು ಕ್ವೇಕರ್ ಕುಟುಂಬಗಳು ಅಲ್ಲಿಗೆ ಬಂದು ನೆಲೆಸಿದವು. ಯುದ್ಧ ಒಪ್ಪದ ಕ್ರೈಸ್ತ ಪಂಥದ ಜನ ಇವರು, ಸೈನ್ಯವನ್ನೇ ರದ್ದು ಮಾಡಿದ ದೇಶವನ್ನು ಆರಿಸಿಕೊಂಡಿದ್ದರು. ಕೊಂಡ ಜಮೀನಿನಲ್ಲಿ ಮೇಲಿನ ಕಾಡನ್ನು ಕಡಿಯದೆ ಬಿಟ್ಟರು, ನೀರಿನ ಮೂಲ ಬತ್ತಬಾರದು ಅಂತ. ಹಸು ಕಟ್ಟಿ ಚೀಸ್ ಮಾಡಿದರು. 1972ರಲ್ಲಿ ಅಲ್ಲಿ ಮೀಸಲು ಕಾಡು ಆಯಿತು. 1987ರಲ್ಲಿ ಸ್ವೀಡನ್ನಿನ ಒಂದು ಚಿಕ್ಕ ಶಾಲೆಯ ಮಕ್ಕಳು ಈ ಕಾಡಿನ ವಿಷಯ ಕೇಳಿ, ನಾವೇ ದುಡ್ಡು ಸೇರಿಸಿ ಕೊಂಡುಕೊಂಡರೆ ಯಾರೂ ಕಡಿಯಲ್ಲ ಅಲ್ವಾ ಅಂತ ಹೊರಟರು. ಅದು ಹಬ್ಬಿ 40ಕ್ಕೂ ಹೆಚ್ಚು ದೇಶಗಳ ಮಕ್ಕಳು ಸೇರಿದರು. ಇವತ್ತು ಮಕ್ಕಳ ಆ ಮಳೆಕಾಡು 22,000 ಹೆಕ್ಟೇರಿಗಿಂತ ದೊಡ್ಡದು. ಆದರೆ ಕೊಂಡು ಬೇಲಿ ಹಾಕಿದರೆ ಪಕ್ಕದ ರೈತನ ಕಷ್ಟ ಹಾಗೇ ಉಳಿಯುತ್ತದೆ. ಅಲ್ಲಿನ ಸಂರಕ್ಷಣಾ ಸಂಘ ಇದನ್ನು ಬೇಗ ಅರ್ಥ ಮಾಡಿಕೊಂಡು, ಜೋರು ಗಾಳಿಗೆ ನಲುಗುತ್ತಿದ್ದ ಹುಲ್ಲುಗಾವಲುಗಳ ಅಂಚಿಗೆ ರೈತರ ಜೊತೆ ಸೇರಿ ಮರ ನೆಡಿಸಿತು. ಅದೇ ಸಾಲುಗಳು ಹಕ್ಕಿಗಳಿಗೆ ಕಾಡಿನಿಂದ ಕಾಡಿಗೆ ದಾರಿಯಾದವು.

ಇಷ್ಟೆಲ್ಲ ನಡೆಯುತ್ತಿದ್ದಾಗ ಅಮೆಜಾನಿನಿಂದ ಬಂದ ಮಾತು ಇಡೀ ಚರ್ಚೆಯ ದಿಕ್ಕನ್ನೇ ಬದಲಿಸಿತು. ಬ್ರೆಜಿಲ್‌ನ ಆಕ್ರೆ ರಾಜ್ಯದಲ್ಲಿ ರಬ್ಬರ್ ಹಾಲು ಇಳಿಸುವವರು 1970ರ ದಶಕದಿಂದಲೇ ಕಾಡು ಕಡಿಯುವ ಜಾಗಕ್ಕೆ ಗುಂಪಾಗಿ ಹೋಗಿ, ಗರಗಸ ಹಿಡಿದವರನ್ನು ಮಾತಾಡಿಸಿ ವಾಪಸ್ ಕಳಿಸುತ್ತಿದ್ದರು. ಚಿಕೊ ಮೆಂಡೆಸ್ ಅವರಲ್ಲೊಬ್ಬರು, ಕಾರ್ಮಿಕ ನಾಯಕ. ಅವರ ಬೇಡಿಕೆ ಬೇಲಿ ಹಾಕಿದ ಉದ್ಯಾನ ಆಗಿರಲಿಲ್ಲ. ಕಾಡು ಸರ್ಕಾರದ್ದಾಗಿರಲಿ, ಬಳಸುವ ಹಕ್ಕು ಅಲ್ಲಿ ಬದುಕುವವರಿಗೆ ಇರಲಿ, ರಬ್ಬರ್ ಮತ್ತು ಬ್ರೆಜಿಲ್ ನಟ್ ನಂಬಿ ಅವರು ಬದುಕಲಿ ಅನ್ನೋದು. 1988ರ ಡಿಸೆಂಬರ್ 22ರಂದು ಶಾಪುರಿ ಊರಿನಲ್ಲಿ ಮೆಂಡೆಸ್ ಅವರನ್ನು ಅವರ ಮನೆಯಲ್ಲೇ ಕೊಂದರು. 1990ರಲ್ಲಿ ಅವರ ಹೆಸರಿನ ಮೀಸಲು ಪ್ರದೇಶ ಘೋಷಣೆಯಾಯಿತು, ಸುಮಾರು 9.7 ಲಕ್ಷ ಹೆಕ್ಟೇರ್. ಕಾಡು ಉಳಿಸೋದು ಅಂದರೆ ಅಲ್ಲಿನವರ ಬದುಕು ಉಳಿಸೋದು ಅಂತ ಪ್ರಪಂಚ ಕೇಳಿಸಿಕೊಳ್ಳೋಕೆ ಒಬ್ಬ ಮನುಷ್ಯ ಸಾಯಬೇಕಾಯಿತು, ಇದು ಇವತ್ತಿಗೂ ಸಂಕಟದ ವಿಷಯ.

ಸುಸ್ಥಿರ ಅಭಿವೃದ್ಧಿಯ ಮಾತನ್ನು ಮುಂದಿಟ್ಟ 1987ರ ಬ್ರುಂಟ್‌ಲ್ಯಾಂಡ್ ವರದಿ, ಪರಿಸರದ ಬಗ್ಗೆ ವಿಶ್ವಸಂಸ್ಥೆ ನಡೆಸಿದ 1992ರ ರಿಯೊ ಸಮಾವೇಶ, ಇವೆಲ್ಲ ಸೇರಿ 90ರ ದಶಕದಲ್ಲಿ ಮಳೆಕಾಡಿನ ಕಾಳಜಿ ಎಲ್ಲೆಡೆ ಹಬ್ಬಿತು. ಓದು ಮುಗಿಸಿದ ಯುವಜನರನ್ನು ಕಾಡಿಗೆ ಕರೆದೊಯ್ಯುವ ಸಂಸ್ಥೆಗಳು ಹೆಚ್ಚಾದವು. ಒಳ್ಳೆಯ ಕೆಲಸಗಳ ಜೊತೆ ತೊಂದರೆಗಳೂ ಬೆಳೆದವು. ಸಸಿ ನೆಟ್ಟ ಫೋಟೊ ಸಿಗುತ್ತದೆ, ಕಳೆ ಕಿತ್ತವರ ಫೋಟೊ ಯಾರಿಗೂ ಬೇಡ. ಆದರೆ ಮೊದಲ ಎರಡು ಮೂರು ಮಳೆಗಾಲ ಕಳೆ ಕೀಳದಿದ್ದರೆ ಹುಲ್ಲು ಸಸಿಯನ್ನು ಮುಚ್ಚಿಬಿಡುತ್ತದೆ. ಊರಿನ ಗಾರೆಯವರಿಗೆ ಸಿಗಬೇಕಿದ್ದ ಕೂಲಿ ಕೆಲಸವನ್ನು ಗಾರೆ ಗೊತ್ತಿಲ್ಲದವರು ದುಡ್ಡು ಕೊಟ್ಟು ಮಾಡಿದರು. ಮರಿ ಒರಾಂಗುಟಾನ್ ಎತ್ತಿಕೊಳ್ಳುವ ಆಸೆಗೆ ಬಂದವರಿಂದ ಆ ಪ್ರಾಣಿಗಳಿಗೆ ನಮ್ಮ ನೆಗಡಿ, ಶ್ವಾಸಕೋಶದ ಸೋಂಕು ತಗಲುವ ಅಪಾಯ ಇತ್ತು. ಈಗ ಜವಾಬ್ದಾರಿ ಇರುವ ಕೇಂದ್ರಗಳು ಸ್ವಯಂಸೇವಕರಿಗೆ ಆ ಪ್ರಾಣಿಗಳನ್ನು ಮುಟ್ಟೋಕೇ ಬಿಡುವುದಿಲ್ಲ, ಬಿಡಬಾರದು ಕೂಡ.

ಇನ್ನೂ ನೋವಿನ ಕಥೆ ಉಗಾಂಡದ ಬ್ವಿಂಡಿಯದು. 1991ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾದಾಗ ತಲೆತಲಾಂತರದಿಂದ ಆ ಕಾಡನ್ನೇ ನಂಬಿದ್ದ ಬಟ್ವಾ ಜನ ಹೊರಬಿದ್ದರು. ಪರಿಹಾರವೂ ಸರಿಯಾಗಿ ಸಿಗಲಿಲ್ಲ. ಗೊರಿಲ್ಲಾ ಉಳಿಯಿತು ಅನ್ನೋದು ನಿಜ, ಸಂತೋಷವೇ. ಆದರೆ ಆ ಬೆಲೆಯನ್ನು ಬಟ್ವಾ ಜನರೇ ತೆರಬೇಕಿತ್ತು ಅನ್ನೋದನ್ನು ನಾನು ಒಪ್ಪಲಾರೆ.

2007ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆ ಮೂಲನಿವಾಸಿಗಳ ಹಕ್ಕುಗಳ ಘೋಷಣೆ ಒಪ್ಪಿಕೊಂಡಿತು. ಅವರ ನೆಲದಲ್ಲಿ ಏನೇ ಮಾಡುವ ಮುಂಚೆ ವಿಷಯ ತಿಳಿಸಿ, ಒತ್ತಾಯವಿಲ್ಲದೆ ಒಪ್ಪಿಗೆ ಪಡೆಯಬೇಕು ಅನ್ನೋ ತತ್ವಕ್ಕೆ ಅದರಲ್ಲಿ ಬಲ ಬಂತು. ಅದೇ ವರ್ಷ ಇಂಡೊನೇಷ್ಯಾದ ಪಶ್ಚಿಮ ಕಾಲಿಮಂಟನ್‌ನಲ್ಲಿ, ಗುನುಂಗ್ ಪಾಲುಂಗ್ ಉದ್ಯಾನದ ಪಕ್ಕ, ಅಸ್ರಿ ಅನ್ನೋ ಆಸ್ಪತ್ರೆ ಶುರುವಾಯಿತು. ಶುರು ಮಾಡಿದವರು ಮೊದಲು ಹಳ್ಳಿಗಳಿಗೆ ಹೋಗಿ, ಕಾಡು ಕಡಿಯೋದು ನಿಲ್ಲಬೇಕಾದರೆ ನಿಮಗೇನು ಬೇಕು ಅಂತ ಕೇಳಿದ್ದರು. ಕೈಗೆಟಕುವ ಆಸ್ಪತ್ರೆ ಬೇಕು, ಸಾವಯವ ಬೇಸಾಯ ಕಲಿಯಬೇಕು ಅಂತ ಉತ್ತರ ಬಂತು. ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದರೆ ಖರ್ಚಿಗೆ ಮರ ಕಡಿಯೋದೇ ಅವರಿಗಿದ್ದ ದಾರಿ! ಅಸ್ರಿಯಲ್ಲಿ ಬಿಲ್ಲಿಗೆ ಸಸಿ ಕೊಡಬಹುದು, ಗೊಬ್ಬರ ಕೊಡಬಹುದು, ಕೈಯಲ್ಲಿ ಹೆಣೆದ ವಸ್ತು ಕೊಡಬಹುದು. ಮರ ಕಡಿಯೋದು ನಿಲ್ಲಿಸಿದ ಹಳ್ಳಿಗೆ ರಿಯಾಯಿತಿ ಜಾಸ್ತಿ. ಹೊರಗಿನಿಂದ ಬರುವ ಸ್ವಯಂಸೇವಕ ವೈದ್ಯರು ಅಲ್ಲಿನ ವೈದ್ಯರ ಜೊತೆ ದುಡಿದು ಅವರಿಗೆ ಕಲಿಸುತ್ತಾರೆ. 2020ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಹತ್ತು ವರ್ಷದಲ್ಲಿ ಆ ಉದ್ಯಾನದ ಕಾಡುನಾಶ, ಆಸ್ಪತ್ರೆ ಇರದಿದ್ದರೆ ಆಗುತ್ತಿದ್ದುದಕ್ಕಿಂತ ಸುಮಾರು 70% ಕಡಿಮೆ. ಆಸ್ಪತ್ರೆ ಕಟ್ಟಿ ಕಾಡು ಉಳಿಸೋದು ಹೊರಗೆ ಕೂತವರಿಗೆ ಹೊಳೆಯುವ ಯೋಚನೆಯಲ್ಲ, ಹಳ್ಳಿಯವರಿಗೆ ಹೊಳೆದದ್ದು.

ಗ್ವಾಟೆಮಾಲಾದ ಮಾಯಾ ಜೀವಗೋಳ ಮೀಸಲು 1990ರಲ್ಲಿ ಆಯಿತು. ನಂತರ ಅದರ ಕೆಲವು ಭಾಗಗಳನ್ನು ಊರಿನ ಸಂಘಗಳಿಗೇ ಗುತ್ತಿಗೆ ಕೊಟ್ಟರು. ಲೆಕ್ಕ ಹಾಕಿ ಮರ ಕಡಿಯುತ್ತಾರೆ, ಅಲಂಕಾರಕ್ಕೆ ಹೋಗುವ ಶಾತೆ ಅನ್ನೋ ತಾಳೆ ಜಾತಿಯ ಗಿಡದ ಎಲೆ ಕೀಳುತ್ತಾರೆ, ಬೆಂಕಿ ಬಿದ್ದರೆ ಅವರೇ ಓಡುತ್ತಾರೆ. ಹಳೆಯ ಊರುಗಳ ಗುತ್ತಿಗೆ ಪ್ರದೇಶಗಳಲ್ಲಿ ಕಾಡುನಾಶ ಹೆಚ್ಚುಕಡಿಮೆ ಸೊನ್ನೆ, ಕಟ್ಟುನಿಟ್ಟಾಗಿ ಮುಚ್ಚಿಟ್ಟ ಕೆಲವು ಉದ್ಯಾನಗಳಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ. ಪೆರುವಿನ ಅಮೆಜಾನಿನಲ್ಲಿ 76 ಹಳ್ಳಿಗಳನ್ನಿಟ್ಟುಕೊಂಡು ಮಾಡಿದ ಪ್ರಯೋಗವೂ ಇದೇ ದಿಕ್ಕಿನದು. ಅರ್ಧದಷ್ಟು ಹಳ್ಳಿಗಳಲ್ಲಿ ಮೂವರು ಮೂವರನ್ನು ಆರಿಸಿ, ತರಬೇತಿ ಕೊಟ್ಟು, ಸಂಬಳ ಕೊಟ್ಟು, ಉಪಗ್ರಹದ ಎಚ್ಚರಿಕೆಗಳನ್ನು ಫೋನಿನಲ್ಲಿ ನೋಡಿ ಕಾಡು ಸುತ್ತೋಕೆ ಹೇಳಿದರು. ಉಳಿದ ಹಳ್ಳಿಗಳಿಗೆ ಹೋಲಿಸಿದರೆ ಮೊದಲ ವರ್ಷ ಅಲ್ಲಿ ಕಾಡುನಾಶ 52% ಕಡಿಮೆ, ಎರಡನೇ ವರ್ಷ 21% ಕಡಿಮೆ.

ಆಮೇಲೆ 2020ರ ಕೋವಿಡ್. ವಿಮಾನ ನಿಂತಿತು, ಸ್ವಯಂಸೇವಕರು ನಿಂತರು, ಅವರ ಶುಲ್ಕದ ಮೇಲೇ ನಡೆಯುತ್ತಿದ್ದ ಕೇಂದ್ರಗಳಲ್ಲಿ ಸಂಬಳಕ್ಕೇ ಕಷ್ಟವಾಯಿತು. ಶುಲ್ಕದ ಪದ್ಧತಿಯ ದೊಡ್ಡ ದೌರ್ಬಲ್ಯ ಇದೇ.

ಹಾಗಾದರೆ ಹೋಗಲೇಬಾರದಾ? ಖಂಡಿತ ಹೋಗಿ, ಆದರೆ ಕೇಳಿಕೊಂಡು ಹೋಗಿ. ನೆಲ ಯಾರದ್ದು, ಈ ಕೆಲಸ ಬೇಕು ಅಂದವರು ಯಾರು, ನಾನು ಬರದಿದ್ದರೆ ಇದನ್ನು ಯಾರು ಮಾಡುತ್ತಿದ್ದರು, ಅವರಿಗೆ ಕೂಲಿ ಸಿಗುತ್ತಿತ್ತಾ, ನನ್ನ ದುಡ್ಡಿನಲ್ಲಿ ಊರಿಗೆ ಎಷ್ಟು ಹೋಗುತ್ತದೆ ಅಂತ ಕೇಳಿ. ಮರ ಏರಿ ಅಳೆಯೋದು ಬಾರದಿದ್ದರೂ ಲೆಕ್ಕ ಬರೆಯೋದು, ನಕ್ಷೆ ಮಾಡೋದು, ಯಂತ್ರ ರಿಪೇರಿ, ಶುಶ್ರೂಷೆ ಗೊತ್ತಿದ್ದರೆ ಅದನ್ನೇ ಹೇಳಿ, ಅದಕ್ಕೆ ಬೇಡಿಕೆ ಇದ್ದೇ ಇರುತ್ತದೆ. ಸಸಿ ನೆಡುವ ಕೆಲಸವಾದರೆ ಮೂರು ವರ್ಷದ ಹಿಂದೆ ನೆಟ್ಟದ್ದರಲ್ಲಿ ಎಷ್ಟು ಬದುಕಿವೆ ಅಂತ ಕೇಳಿ. ಲೆಕ್ಕ ಇಟ್ಟವರು ಯಾವ ಜಾತಿ ಜಾಸ್ತಿ ಸತ್ತಿತು, ಯಾಕೆ ಸತ್ತಿತು, ಈ ಸಲ ಅದರ ಬದಲು ಏನು ನೆಡುತ್ತಿದ್ದಾರೆ ಅನ್ನೋದನ್ನೂ ಹೇಳುತ್ತಾರೆ.