ಸೆಲ್ಫ್ ಹೊಡೀತದೆ, ಗಾಡಿ ಚಾಲೂ ಆಗಲ್ಲ

ಬ್ಯಾಡಗಿ ಮಾರುಕಟ್ಟೆಗೆ ಹೊಸ ಮೆಣಸಿನಕಾಯಿ ಬರೋದು ಬೆಳಗಿನ ಚಳಿ ಜೋರಾಗಿರುವ ದಿನಗಳಲ್ಲಿ. ಗದಗ, ಕುಂದಗೋಳ, ಹಾವೇರಿ ಕಡೆ ರಾತ್ರಿಯೇ ಚೀಲ ಹೇರಿ ನಿಲ್ಲಿಸಿದ ಹಳೆ ಪಿಕಪ್ ನಸುಕಿನಲ್ಲಿ ಹಟ ಹಿಡಿಯುವುದೂ ಇದೇ ಹಂಗಾಮಿನಲ್ಲಿ. ಕೀ ತಿರುಗಿಸಿದರೆ ಸೆಲ್ಫ್ ಹೊಡೆಯುತ್ತದೆ, ಎಂಜಿನ್ ಧಡ್ ಧಡ್ ಅಂತ ತಿರುಗುತ್ತದೆ, ಹಿಡಿಯುವುದು ಮಾತ್ರ ಇಲ್ಲ. ಒಬ್ಬರು ಬಂದು ಬ್ಯಾಟರಿ ಅಂತಾರೆ. ಇನ್ನೊಬ್ಬರು ಪಂಪ್ ಹೋಗೇತಿ ಅಂತ ತೀರ್ಪು ಕೊಟ್ಟೇ ಬಿಡ್ತಾರೆ. ಎಲ್ಲರ ಕಣ್ಣೂ ಬಾನೆಟ್ ಮೇಲೆ. ಆದರೆ ಮೊದಲು ನೋಡಬೇಕಾದ ಜಾಗ ಗಾಡಿಯ ಹಿಂದೆ ಇದೆ. ಸೈಲೆನ್ಸರ್ ಪೈಪಿನ ಬಾಯಿ.

ಒಬ್ಬರು ಸೆಲ್ಫ್ ಹೊಡೆಯಲಿ, ಇನ್ನೊಬ್ಬರು ಹಿಂದೆ ನಿಂತು ನೋಡಲಿ. ಹೊಗೆ ಬರುತ್ತಿದೆಯೋ ಇಲ್ಲವೋ? ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಎಂಜಿನ್ ಪರೀಕ್ಷೆ ಮಾಡುವ ಕೆಲಸವೇ ತಪ್ಪುತ್ತದೆ. ಯಾಕೆ ಅಂತ ತಿಳಿಯಬೇಕಾದರೆ ಡೀಸೆಲ್ ಎಂಜಿನ್ ಹೊತ್ತಿಕೊಳ್ಳೋದು ಹೇಗೆ ಅಂತ ಸ್ವಲ್ಪ ನೋಡಬೇಕು. ಇಲ್ಲಿ ನಾನು ಹೇಳುತ್ತಿರುವುದು ಟಾಟಾ 207, ಹಳೆ ಬೊಲೆರೊ ಪಿಕಪ್ ಕಾಲದ, ಮೆಕ್ಯಾನಿಕಲ್ ಪಂಪ್ ಇರುವ ಗಾಡಿಗಳ ಬಗ್ಗೆ. ಹೊಸ ಕಂಪ್ಯೂಟರ್ ಗಾಡಿಗಳ ಮಾತು ಕೊನೆಗೆ.

ಡೀಸೆಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಓಡಿಸಿ ತೋರಿಸಿದ ಎಂಜಿನ್ನಿನ ಉಪಾಯ ಇಷ್ಟೇ: ಗಾಳಿಯನ್ನು ಗಟ್ಟಿಯಾಗಿ ಒತ್ತಿದರೆ ಅದು ಕಾಯುತ್ತದೆ, ಕಾದ ಗಾಳಿಯೊಳಗೆ ಎಣ್ಣೆ ಚಿಮ್ಮಿಸಿದರೆ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಬಿಸಿ ಗಾಳಿ, ಸರಿಯಾದ ಹೊತ್ತಿಗೆ ಎಣ್ಣೆ. ಮೂರನೆಯದು ಏನೂ ಬೇಕಾಗಿಲ್ಲ.

ಎಷ್ಟು ಒತ್ತಬೇಕು? 2.5 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ ಅಂದರೆ ಒಂದೊಂದು ಸಿಲಿಂಡರಿಗೆ ಸುಮಾರು 625 ಮಿಲಿ. ಒತ್ತುವ ಪ್ರಮಾಣ 18ಕ್ಕೆ 1 ಅಂತ ಇಟ್ಟುಕೊಂಡರೆ ಅರ್ಧ ಲೀಟರಿಗೂ ಜಾಸ್ತಿ ಗಾಳಿ ಕೊನೆಗೆ 37 ಮಿಲಿ ಜಾಗದಲ್ಲಿ ಕೂರಬೇಕು. ನಮ್ಮ ಚಹಾದಂಗಡಿಯ ಸಣ್ಣ ಗ್ಲಾಸಿನ ಅರ್ಧದಷ್ಟು. ಸಿಲಿಂಡರ್ ಗೋಡೆ ಬಿಸಿಯನ್ನು ಒಂಚೂರೂ ಹೀರದೆ, ಪಿಸ್ಟನ್ ಸುತ್ತಲಿನ ರಿಂಗ್ ಸಂದಿಯಿಂದ ಗಾಳಿ ಒಂಚೂರೂ ಸೋರದೆ ಇದ್ದರೆ 27 ಡಿಗ್ರಿಯ ಗಾಳಿ ಸುಮಾರು 680 ಡಿಗ್ರಿಗೆ ಏರುತ್ತದೆ. ಇದು ಕಾಗದದ ಮೇಲಿನ ಲೆಕ್ಕ. ತಣ್ಣಗಿನ ಎಂಜಿನ್ನಿನಲ್ಲಿ ಗೋಡೆ ಬಿಸಿ ಕದಿಯುತ್ತದೆ, ಸವೆದ ರಿಂಗ್ ಗಾಳಿ ಬಿಡುತ್ತದೆ. ಇದನ್ನೆಲ್ಲ ಸೇರಿಸಿ ಅಂದಾಜು ಹಾಕಿದರೆ, ನಿಧಾನವಾಗಿ ತಿರುಗುವ ಹಳೆ ಎಂಜಿನ್ನಿನಲ್ಲಿ ಧಾರವಾಡದ 15 ಡಿಗ್ರಿ ಬೆಳಗಿನಲ್ಲಿ ಆ ಬಿಸಿ 240ರ ಆಸುಪಾಸಿಗೆ ಇಳಿದುಬಿಡಬಹುದು. ಡೀಸೆಲ್ ತಾನಾಗಿ ಹೊತ್ತಲು ಕಡಿಮೆ ಅಂದರೂ ಸುಮಾರು 210 ಡಿಗ್ರಿ ಬೇಕು, ಅದೂ ಸಾಕಷ್ಟು ಸಮಯ ಸಿಕ್ಕರೆ. ಪಿಸ್ಟನ್ ಮೇಲೆ ಬಂದು ಮತ್ತೆ ಕೆಳಗಿಳಿಯುವಷ್ಟರಲ್ಲಿ ಅಷ್ಟು ಸಮಯ ಎಲ್ಲಿ ಸಿಗುತ್ತದೆ? ಮಧ್ಯಾಹ್ನ ಒಂದೇ ಸೆಲ್ಫಿಗೆ ಎದ್ದೇಳುವ ಗಾಡಿ ನಸುಕಿನಲ್ಲಿ ಸತಾಯಿಸುವುದು ಇದಕ್ಕೇ.

ಸೆಲ್ಫ್ ಹೊಡೆಯುತ್ತದೆ ಅಂದಮಾತ್ರಕ್ಕೆ ಬ್ಯಾಟರಿ ನಿರಪರಾಧಿ ಅಲ್ಲ. ನಿಮಿಷಕ್ಕೆ 200 ಸುತ್ತು ತಿರುಗಿದರೆ ಗಾಳಿ ಒತ್ತುವ ಒಂದು ಹೊಡೆತಕ್ಕೆ 0.15 ಸೆಕೆಂಡ್ ಹಿಡಿಯುತ್ತದೆ. 100 ಸುತ್ತಿಗೆ ಇಳಿದರೆ 0.3 ಸೆಕೆಂಡ್. ಗಾಳಿ ಸೋರಲು, ಬಿಸಿ ಹೋಗಲು ಎರಡರಷ್ಟು ಸಮಯ. ಕಿವಿಗೆ "ತಿರುಗ್ತಾ ಇದೆಯಲ್ಲ" ಅನ್ನಿಸುವ ಎಂಜಿನ್ ಒಳಗೆ ಹೊತ್ತುವಷ್ಟು ಬಿಸಿಯೇ ಆಗಿರುವುದಿಲ್ಲ. ಡೀಸೆಲ್ ಗಾಡಿಯ ಸೆಲ್ಫ್ ಮೋಟರ್ 200 ಆಂಪಿಯರ್‌ಗೂ ಜಾಸ್ತಿ ಎಳೆಯುತ್ತದೆ, ಒಂದು ಹೆಡ್‌ಲೈಟ್ ಬಲ್ಬ್ ಎಳೆಯುವುದು 5 ಆಂಪಿಯರ್. ಹೀಗಾಗಿ ಹೆಡ್‌ಲೈಟ್ ಚೆನ್ನಾಗಿ ಉರೀತದೆ, ಬ್ಯಾಟರಿ ಸರಿ ಇದೆ ಅನ್ನುವ ಪರೀಕ್ಷೆ ನಂಬಬೇಡಿ. ಮಲ್ಟಿಮೀಟರ್ ಇದ್ದರೆ ಸೆಲ್ಫ್ ಹೊಡೆಯುವಾಗ ಬ್ಯಾಟರಿ ಮೇಲೆ ಹಿಡಿಯಿರಿ, 9.5 ವೋಲ್ಟ್‌ಗಿಂತ ಕೆಳಗೆ ಬಿದ್ದರೆ ಅನುಮಾನ ಪಡಿ. ಆಮೇಲೆ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ನೇರ ಎಂಜಿನ್ ಬ್ಲಾಕಿಗೆ ಇಟ್ಟು ಮತ್ತೆ ಸೆಲ್ಫ್ ಹೊಡೆಸಿ. ಅಲ್ಲಿ ಅರ್ಧ ವೋಲ್ಟಿಗಿಂತ ಜಾಸ್ತಿ ಕಂಡರೆ ಬ್ಯಾಟರಿ ಮೈನಸ್‌ನಿಂದ ಎಂಜಿನ್ನಿಗೆ ಹೋಗುವ ಅರ್ಥಿಂಗ್ ಪಟ್ಟಿ ತುಕ್ಕು ಹಿಡಿದಿದೆ ಅಂತ ಲೆಕ್ಕ. ಹೊಸ ಬ್ಯಾಟರಿ ಹಾಕಿದರೂ ಗಾಡಿ ಏಳದೆ ಇರುವ ಎಷ್ಟೋ ಕೇಸುಗಳಲ್ಲಿ ಒಂದು ಬೋಲ್ಟ್ ಬಿಚ್ಚಿ ಮರಳು ಕಾಗದ ಉಜ್ಜಿದ್ದರೆ ಸಾಕಾಗಿತ್ತು.

ಈಗ ಹೊಗೆಗೆ ಬರೋಣ.

ಸೆಲ್ಫ್ ಹೊಡೆಯುವಾಗ ಬಿಳಿ ಹೊಗೆ, ಕಣ್ಣು ಉರಿಸುವ ಹಸಿ ಡೀಸೆಲ್ ವಾಸನೆ ಬಂದರೆ ಎಣ್ಣೆ ಒಳಗೆ ಹೋಗುತ್ತಿದೆ ಅಂತ ಅರ್ಥ. ಪಂಪ್ ಕೆಲಸ ಮಾಡಿದೆ, ನೋಝಲ್ ಚಿಮ್ಮಿಸಿದೆ. ಸುಡದೆ ಉಳಿದ ಡೀಸೆಲ್ ಆವಿಯಾಗಿ, ಪೈಪಿನಲ್ಲಿ ತಣ್ಣಗಾಗಿ ಸಣ್ಣ ಹನಿಗಳಾಗಿ ಹೊರಗೆ ಬರುತ್ತಿದೆ. ಕೊರತೆ ಇರುವುದು ಬಿಸಿಯಲ್ಲಿ, ಅಥವಾ ಚಿಮ್ಮುವ ಟೈಮಿಂಗಿನಲ್ಲಿ. ಹೊಗೆಯೇ ಇಲ್ಲ ಅಂದರೆ ಎಣ್ಣೆ ಸಿಲಿಂಡರ್ ಮುಟ್ಟಿಲ್ಲ. ಆಗ ಕಂಪ್ರೆಷನ್ (ಗಾಳಿ ಒತ್ತುವ ಬಲ), ಹೀಟರ್ (ಸಿಲಿಂಡರ್ ಒಳಗೆ ಕಾಯುವ ಪ್ಲಗ್) ಅಂತ ತಲೆ ಕೆಡಿಸಿಕೊಳ್ಳೋದು ಬೇಡ.

ಹೊಗೆ ಇಲ್ಲದ ಗಾಡಿಯಲ್ಲಿ ಮೊದಲು ನಾಚಿಕೆಗೇಡಿನ ಕಾರಣಗಳನ್ನು ನೋಡಿಬಿಡಿ. ಟ್ಯಾಂಕಿನಲ್ಲಿ ಡೀಸೆಲ್ ಇದೆಯಾ (ಗೇಜ್ ಮುಳ್ಳನ್ನು ನಂಬದೆ, ಕಡ್ಡಿ ಇಳಿಸಿ). ಎಳೆದು ಎಂಜಿನ್ ಆರಿಸುವ ಸ್ಟಾಪ್ ಕೇಬಲ್ ಇದ್ದರೆ ಅದು ಪೂರ್ತಿ ಒಳಗೆ ಹೋಗಿದೆಯಾ? ಕೇಬಲ್ ಒಳಗೇ ತುಕ್ಕು ಹಿಡಿದು, ಎಳೆಯುವ ಗುಬ್ಬಿ (ಹಿಡಿಕೆ) ಒಳಗೆ ಹೋದರೂ ಪಂಪಿನ ಕಡೆಯ ಲಿವರ್ ಎಳೆದುಕೊಂಡೇ ಕೂತಿರುವುದುಂಟು. ಕೀಯಿಂದ ಆರುವ ಗಾಡಿಯಾದರೆ ಪಂಪಿನ ಮೇಲೆ ಸಣ್ಣ ಸೊಲೆನಾಯ್ಡ್ (ಕರೆಂಟಿನಿಂದ ಎಣ್ಣೆಯ ದಾರಿ ತೆರೆಯುವ ವಾಲ್ವ್) ಇರುತ್ತದೆ. ಕೀ ಆನ್ ಮಾಡಿದಾಗ ಅದು "ಟಿಕ್" ಅನ್ನಬೇಕು. ಟಿಕ್ ಇಲ್ಲ, ಎಣ್ಣೆಯೂ ಇಲ್ಲ. ವೈರ್ ಕಳಚಿದೆಯಾ ನೋಡಿ, ಕಾಳಿನ ಗೋದಾಮಿನ ಪಕ್ಕ ನಿಲ್ಲಿಸಿದ್ದರೆ ಇಲಿ ಕಡಿದಿದೆಯಾ ಅಂತಲೂ ನೋಡಿ.

ಇವೆಲ್ಲ ಸರಿ ಇದ್ದರೆ ಉಳಿಯುವ ದೊಡ್ಡ ಕಳ್ಳ ಗಾಳಿ. ಏರ್ ಲಾಕ್. ಹುಬ್ಬಳ್ಳಿ ಗೋಕುಲ ರೋಡಿನ ಯಾವ ಗ್ಯಾರೇಜಿನಲ್ಲಿ ಕೇಳಿದರೂ ಈ ಮಾತು ಬರುತ್ತದೆ, ಆದರೆ ಒಂದು ಗುಳ್ಳೆ ಗಾಳಿ ಅಷ್ಟು ದೊಡ್ಡ ಎಂಜಿನ್ನನ್ನು ಹೇಗೆ ನಿಲ್ಲಿಸುತ್ತದೆ ಅನ್ನೋದು ಮಜವಾದ ಲೆಕ್ಕ. ಪಂಪ್ ಒಂದು ಹೊಡೆತಕ್ಕೆ ತಳ್ಳುವ ಡೀಸೆಲ್ ಹೆಚ್ಚು ಕಡಿಮೆ ಒಂದೆರಡು ಹನಿ. ಆ ಹನಿಗೆ ನೋಝಲ್ ಬಾಯಿ ತೆರೆಯಬೇಕಾದರೆ ಪೈಪಿನ ಒಳಗೆ ಒತ್ತಡ 200 ಬಾರ್ ಹತ್ತಿರ ಏರಬೇಕು, ಗಾಡಿಯ ಟೈರಿನ ಗಾಳಿಗಿಂತ ಎಷ್ಟೋ ಪಟ್ಟು. ಡೀಸೆಲ್ ಒತ್ತಿದರೆ ಕುಗ್ಗುವುದಿಲ್ಲ ಅನ್ನಬಹುದು, ಹೀಗಾಗಿ ಪಂಪ್ ಒಂದು ತುದಿಯಲ್ಲಿ ಒಂಚೂರು ತಳ್ಳಿದರೆ ಇನ್ನೊಂದು ತುದಿಯಲ್ಲಿ ಒತ್ತಡ ತಕ್ಷಣ ಏರುತ್ತದೆ. ಗಾಳಿ ಹಾಗಲ್ಲ. 200 ಬಾರ್‌ಗೆ ಏರುವಷ್ಟರಲ್ಲಿ ಅದು ತನ್ನ ಇನ್ನೂರರ ಒಂದು ಭಾಗಕ್ಕೆ ಕುಗ್ಗುತ್ತದೆ. ಪೈಪಿನಲ್ಲಿ ನಾಲ್ಕು ಹನಿ ಜಾಗದ ಗುಳ್ಳೆ ಇದ್ದರೆ ಪಂಪ್ ತಳ್ಳಿದ ಎರಡು ಹನಿಯೂ ಗುಳ್ಳೆ ಒತ್ತುವುದಕ್ಕೇ ಖರ್ಚು. ಪಂಪ್ ಹಿಂದೆ ಸರಿದಾಗ ಗುಳ್ಳೆ ಮತ್ತೆ ಉಬ್ಬುತ್ತದೆ. ಹೀಗೆ ಬ್ಯಾಟರಿ ಸಾಯುವ ತನಕ ಸೆಲ್ಫ್ ಹೊಡೆದರೂ ನೋಝಲ್ ಬಾಯಿ ತೆರೆಯುವುದಿಲ್ಲ.

ಗಾಳಿ ಒಳಗೆ ಬಂದದ್ದು ಎಲ್ಲಿಂದ? ಟ್ಯಾಂಕ್ ಒಣಗಿದ್ದರೆ ಗೊತ್ತಾಗುತ್ತದೆ. ತಲೆನೋವು ಕೊಡುವುದು ತುಂಬಿದ ಟ್ಯಾಂಕ್ ಇದ್ದೂ ಬೆಳಿಗ್ಗೆ ಬೆಳಿಗ್ಗೆ ಏರ್ ಹಿಡಿಯುವ ಗಾಡಿ. ದೊಡ್ಡ ಪಂಪಿಗೆ ಎಣ್ಣೆ ಒದಗಿಸುವ ಸಣ್ಣ ಪಂಪೇ ಫೀಡ್ ಪಂಪ್. ಟ್ಯಾಂಕಿನಿಂದ ಅದರ ತನಕ ಡೀಸೆಲ್ಲನ್ನು ಯಾರೂ ತಳ್ಳುವುದಿಲ್ಲ, ಫೀಡ್ ಪಂಪ್ ಅದನ್ನು ಹೀರುತ್ತದೆ. ಆ ದಾರಿಯಲ್ಲಿ ರಬ್ಬರ್ ಪೈಪ್ ಸೀಳಿದ್ದರೆ ಡೀಸೆಲ್ ಹೊರಗೆ ಸೋರುವುದಕ್ಕಿಂತ ಗಾಳಿ ಒಳಗೆ ಹೋಗುವುದೇ ಜಾಸ್ತಿ. ನೆಲದ ಮೇಲೆ ಒಂದು ಹನಿಯೂ ಕಾಣುವುದಿಲ್ಲ! ಓಡುತ್ತಿರುವಾಗ ಫೀಡ್ ಪಂಪ್ ಹೇಗೋ ಸುಧಾರಿಸಿಕೊಳ್ಳುತ್ತದೆ. ರಾತ್ರಿ ನಿಂತಾಗ ಮಾತ್ರ ಆ ಸೀಳಿನಿಂದ ಗಾಳಿ ಹೊಕ್ಕು, ಪೈಪಿನಲ್ಲಿದ್ದ ಡೀಸೆಲ್ ಮೆಲ್ಲಗೆ ಟ್ಯಾಂಕಿಗೆ ಇಳಿದು ಹೋಗುತ್ತದೆ. ಗಾಡಿಯ ಮೂತಿ ಇಳಿಜಾರಿನ ಕಡೆ ಮಾಡಿ ನಿಲ್ಲಿಸಿದರೆ ಬೆಳಿಗ್ಗೆ ಸಲೀಸಾಗಿ ಚಾಲೂ ಆಗುತ್ತದೆ ಅಂತ ಡ್ರೈವರುಗಳು ಹೇಳುವುದರಲ್ಲಿ ಇದೂ ಒಂದು ಗುಟ್ಟು. ಟ್ಯಾಂಕ್ ಎತ್ತರಕ್ಕೆ ಬರುತ್ತದಲ್ವಾ, ಎಣ್ಣೆ ಹಿಂದಕ್ಕೆ ಇಳಿಯಲು ದಾರಿ ಇಲ್ಲ. ನಿಮ್ಮ ಗಾಡಿ ಇಳಿಜಾರಿನಲ್ಲಿ ಒಳ್ಳೆಯದು, ಸಮನೆಲದಲ್ಲಿ ಕೆಟ್ಟದ್ದು ಅಂತಾದರೆ ಸೀದಾ ಈ ಪೈಪಿನ ಮೇಲೆ ಅನುಮಾನ ಪಡಿ. ಫೀಡ್ ಪಂಪಿನ ಹಿಂದೆ ಒಂದು ಗೇಣು ಪಾರದರ್ಶಕ ಡೀಸೆಲ್ ಪೈಪ್ ಸೇರಿಸಿ ನೋಡಿದರೆ ಗುಳ್ಳೆಗಳು ಸಾಲಾಗಿ ಹೋಗುವುದು ಕಣ್ಣಿಗೇ ಕಾಣುತ್ತದೆ.

ಏರ್ ತೆಗೆಯುವುದು ನೋಡಲು ಚೆಂದ. ಫಿಲ್ಟರಿನ ತಲೆಯ ಮೇಲಿನ ಬೋಲ್ಟಿಗೆ ಪಾನಾ ಹಾಕಿ ಎರಡು ಸುತ್ತು ಸಡಿಲ ಮಾಡಿ, ಫೀಡ್ ಪಂಪಿನ ಕೈಗುಬ್ಬಿಯನ್ನು ಬಿಚ್ಚಿ ಮೇಲೆ ಕೆಳಗೆ ಒತ್ತುತ್ತಾರೆ. ಮೊದಲಿಗೆ ಗುಬ್ಬಿ ಸಡಿಲ, ಕೈಗೆ ಏನೂ ತಾಗುವುದಿಲ್ಲ. ಆಮೇಲೆ ಬೋಲ್ಟಿನ ಸುತ್ತ ಸೊರ್ ಅಂತ ಬಿಳಿ ನೊರೆ ಏಳುತ್ತದೆ, ನೊರೆಯಲ್ಲಿ ಗುಳ್ಳೆ ಒಡೆಯುತ್ತಾ ಹೋಗುತ್ತದೆ, ಗುಬ್ಬಿ ನಿಧಾನವಾಗಿ ಗಟ್ಟಿಯಾಗುತ್ತದೆ. ಕೊನೆಗೆ ನೊರೆ ನಿಂತು ತಿಳಿ ಡೀಸೆಲ್ ಹರಿಯುತ್ತದೆ. ಹರಿಯುತ್ತಿರುವಾಗಲೇ ಬೋಲ್ಟ್ ಬಿಗಿ ಮಾಡಬೇಕು, ಕೈ ನಿಲ್ಲಿಸಿ ಬಿಗಿ ಮಾಡಿದರೆ ಮತ್ತೆ ಗಾಳಿ. ಈ ಕೆಲಸ ಶುರು ಮಾಡುವ ಮುಂಚೆಯೇ ಬೋಲ್ಟಿನ ಕೆಳಗಿನ ತಾಮ್ರದ ವಾಷರ್ ನೋಡಿ, ಚಪ್ಪಟೆಯಾಗಿ ಗೆರೆ ಬಿದ್ದಿದ್ದರೆ ಹೊಸದು ಹಾಕಿ. ಇಷ್ಟಕ್ಕೂ ಆಗದಿದ್ದರೆ ನೋಝಲ್ ಕಡೆಯ ಪೈಪಿನ ನಟ್ ಸಡಿಲ ಮಾಡಿ ಸೆಲ್ಫ್ ಹೊಡೆಸುತ್ತಾರೆ. ಅಲ್ಲಿ ಬೆರಳು ಇಡಬೇಡಿ, ಮುಖ ಹತ್ತಿರ ತರಬೇಡಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ, ಹೊರಗೆ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ. ಹಾಗೇನಾದರೂ ಆದರೆ ನೋವಿಲ್ಲ ಅಂತ ಸುಮ್ನಿರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಫಿಲ್ಟರ್ ಬಿಚ್ಚಿದಾಗ ಕೆಳಗಿನ ಬಟ್ಟಲನ್ನೂ ಖಾಲಿ ಮಾಡಿ. ಡ್ರಮ್ಮಿನಲ್ಲಿ ಕೂಡಿಟ್ಟ ಡೀಸೆಲ್ ಹಾಕುವವರ ಗಾಡಿಯಲ್ಲಿ, ಅದರಲ್ಲೂ ಮಳೆಗಾಲ ಕಳೆದ ಮೇಲೆ, ನೀರು ಸಿಗುವುದು ಜಾಸ್ತಿ. ನೀರು ಡೀಸೆಲ್‌ಗಿಂತ ಭಾರ, ತಳಕ್ಕೆ ಇಳಿಯುತ್ತದೆ. ನೀರು, ಡೀಸೆಲ್ ಎರಡೂ ಸೇರುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಂದು ಲೋಳೆ ಮಾಡುತ್ತವೆ, ಆ ಲೋಳೆ ಫಿಲ್ಟರ್ ಕಾಗದಕ್ಕೆ ಮೆತ್ತಿಕೊಂಡರೆ ಗಾಡಿಗೆ ಉಪವಾಸವೇ. ಅದು ಬಿಟ್ಟು "ಚಳಿಗೆ ಡೀಸೆಲ್ ಹೆಪ್ಪುಗಟ್ಟೇತಿ" ಅನ್ನುವುದು ನಮ್ಮ ಊರಿನ ಮಟ್ಟಿಗೆ ಬರೀ ಮಾತು. ಅದು ಲಡಾಖಿನವರ ತೊಂದರೆ. 2019ರಲ್ಲಿ ಇಂಡಿಯನ್ ಆಯಿಲ್ ಅಲ್ಲಿಗಾಗಿ ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಡೀಸೆಲ್ ತಂದಿತು.

ಇನ್ನು ಬಿಳಿ ಹೊಗೆಯ ಗಾಡಿ. ಹೀಟರ್ ಪ್ಲಗ್ ಇರುವ ಎಂಜಿನ್ ಆದರೆ ಒಂದೊಂದಾಗಿ ಪರೀಕ್ಷೆ ಮಾಡಿ, ನಾಲ್ಕರಲ್ಲಿ ಎರಡು ಸತ್ತಿದ್ದರೂ ಚಳಿಯಲ್ಲಿ ಕಷ್ಟ. ಹೀಟರ್ ಇಲ್ಲದ ಎಂಜಿನ್ ಪೂರ್ತಿ ಕಂಪ್ರೆಷನ್ ನಂಬಿಕೊಂಡಿರುತ್ತದೆ. ಇಲ್ಲಿ ಕಿವಿ ಒಳ್ಳೆ ಉಪಕರಣ. ನಾಲ್ಕೂ ಸಿಲಿಂಡರ್ ಗಟ್ಟಿ ಇದ್ದರೆ ಸೆಲ್ಫ್ ಸದ್ದು ಒಂದೇ ತಾಳದಲ್ಲಿ ಬರುತ್ತದೆ. ಒಂದರಲ್ಲಿ ಗಾಳಿ ಸೋರಿದರೆ ತಾಳ ಕುಂಟುತ್ತದೆ. ತಾಳವೇ ಇಲ್ಲದೆ ಸರ್ರನೆ ಹಗುರವಾಗಿ ತಿರುಗಿದರೆ ಸೆಲ್ಫ್ ತಕ್ಷಣ ನಿಲ್ಲಿಸಿ, ಟೈಮಿಂಗ್ ಬೆಲ್ಟ್ ಅಥವಾ ಚೈನ್ ಹೋಗಿರಬಹುದು. ತಳ್ಳಿದರೆ ಕೆಲವು ಗಾಡಿ ಏಳುವುದಕ್ಕೂ ಇದೇ ವಿಜ್ಞಾನ: ಎರಡನೇ ಗೇರಿನಲ್ಲಿ ಎಳೆಸಿದಾಗ ಎಂಜಿನ್ ಸೆಲ್ಫ್‌ಗಿಂತ ಎಷ್ಟೋ ಜೋರಾಗಿ ತಿರುಗುತ್ತದೆ, ಬಿಸಿ ಸೋರಲು ಸಮಯ ಸಿಗುವುದಿಲ್ಲ. ಆದರೆ ಏರ್ ಹಿಡಿದ ಗಾಡಿಯನ್ನು ಊರ ತುಂಬ ಎಳೆದರೂ ಉಪಯೋಗ ಕಡಿಮೆ. ಟ್ರ್ಯಾಕ್ಟರ್ ಕಟ್ಟಿ ಎಳೆಸುವಾಗ ಎಂಜಿನ್ ಆರಿರುವುದರಿಂದ ಬ್ರೇಕ್ ಬೂಸ್ಟರ್ ಇರುವುದಿಲ್ಲ ಅನ್ನೋದು ನೆನಪಿರಲಿ.

ಕೆಲವರು ಗಾಳಿ ಹೀರುವ ಪೈಪಿಗೆ ಈಥರ್ ಸ್ಪ್ರೇ ಹೊಡೆಯುತ್ತಾರೆ. ನನಗಂತೂ ಅದು ಇಷ್ಟ ಇಲ್ಲ. ಈಥರ್ 160 ರಿಂದ 180 ಡಿಗ್ರಿಗೇ ಹೊತ್ತುತ್ತದೆ, ಪಿಸ್ಟನ್ ಮೇಲೆ ಬರುವ ಮುಂಚೆಯೇ ಸಿಡಿದು ರಿಂಗ್ ಮುರಿಯಬಹುದು. ಹೀಟರ್ ಕೆಂಪಗಿದ್ದರೆ ಇನ್ನೂ ಅಪಾಯ.

ಪಂಪ್ ಬಿಚ್ಚುವುದು ಎಲ್ಲಕ್ಕೂ ಕೊನೆಯ ಕೆಲಸ. ಅದರ ಪ್ಲಂಜರ್ (ಎಣ್ಣೆ ತಳ್ಳುವ ಕಡ್ಡಿ) ಮತ್ತು ಅದು ಓಡಾಡುವ ಬ್ಯಾರಲ್ ನಡುವಿನ ಸಂದಿ ಕೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ, ಟೆಸ್ಟ್ ಬೆಂಚ್ ಇಲ್ಲದ ಕಡೆ ಬಿಚ್ಚಿದರೆ ಸರಿಯಿದ್ದದ್ದೂ ಕೆಡುತ್ತದೆ. ಕಂಪ್ಯೂಟರ್ ಇರುವ ಕಾಮನ್ ರೈಲ್ ಪಿಕಪ್ ಆದರೆ ಮೇಲೆ ಹೇಳಿದ ನಟ್ ಸಡಿಲ ಮಾಡುವ ಪದ್ಧತಿಯೇ ಬೇಡ. ಅಲ್ಲಿ ಓಡುವಾಗಿನ ಒತ್ತಡ 1000 ಬಾರ್ ದಾಟುತ್ತದೆ. ರೈಲಿನಲ್ಲಿ (ಎಲ್ಲ ನೋಝಲ್‌ಗೂ ಎಣ್ಣೆ ಕೊಡುವ ಒಂದೇ ದಪ್ಪ ಪೈಪಿನಲ್ಲಿ) ಸುಮಾರು 200 ಬಾರ್ ಏರುವ ತನಕ, ಎಂಜಿನ್ ತಿರುಗುವುದನ್ನು ಗಮನಿಸುವ ಕ್ರ್ಯಾಂಕ್ ಸೆನ್ಸರ್ ಸುದ್ದಿ ಕೊಡುವ ತನಕ ಕಂಪ್ಯೂಟರ್ ನೋಝಲ್ ತೆರೆಯುವುದೇ ಇಲ್ಲ. ಅದಕ್ಕೆ ಸ್ಕ್ಯಾನರ್ ಹಾಕಿಸಿ. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಸುತ್ತು ತೋರಿಸುವ ಮುಳ್ಳಿದ್ದರೆ ಸೆಲ್ಫ್ ಹೊಡೆಯುವಾಗ ಅದು ಸ್ವಲ್ಪವಾದರೂ ಏಳುತ್ತದಾ ನೋಡಿ, ಸೊನ್ನೆಯಲ್ಲೇ ಕೂತಿದ್ದರೆ ಆ ಸೆನ್ಸರ್ ಮತ್ತು ಅದರ ವೈರಿನಿಂದಲೇ ಶುರು ಮಾಡಲು ಮಿಸ್ತ್ರಿಗೆ ಹೇಳಿ.