ಡೀ ನದಿಯ ಸಾಲ್ಮನ್: ಇಡೀ ಜಲಾನಯನವನ್ನು ನೋಡಿಕೊಳ್ಳುವುದು ಹೇಗೆ?

ಸ್ಕಾಟ್ಲೆಂಡಿನ ಡೀ ನದಿ ಕೇರ್ನ್‌ಗಾರ್ಮ್ ಬೆಟ್ಟಗಳಲ್ಲಿ, 1,200 ಮೀಟರಿಗೂ ಹೆಚ್ಚು ಎತ್ತರದಲ್ಲಿ ಹುಟ್ಟಿ, ಸುಮಾರು 140 ಕಿ.ಮೀ. ಪೂರ್ವಕ್ಕೆ ಹರಿದು ಅಬರ್ಡೀನ್‌ನಲ್ಲಿ ಸಮುದ್ರ ಸೇರುತ್ತದೆ. ಇಲ್ಲಿ ಗಾಳ ಹಾಕುವವರು ನಿಲ್ಲುವುದು ದೊಡ್ಡ ಹೊಳೆಯ ದಡದಲ್ಲಿ. ಆದರೆ ಸಾಲ್ಮನ್ ಮೀನು ಹುಟ್ಟುವುದು ಹೆಚ್ಚಾಗಿ ಮೇಲಿನ ಸಣ್ಣ ಹಳ್ಳಗಳಲ್ಲಿ. ಇಷ್ಟು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಹಿಡಿತಕ್ಕೆ ಬರುತ್ತದೆ.

ಮೊದಲು ಮೊಟ್ಟೆ ಇಡುವ ರೀತಿ ನೋಡೋಣ. ಚಳಿಗಾಲದ ಹೊಸ್ತಿಲಲ್ಲಿ ಹೆಣ್ಣು ಮೀನು ಕಲ್ಲುಹರಳಿನ ತಳದ ಮೇಲೆ ಮಗ್ಗುಲಾಗಿ ವಾಲಿ ಬಾಲವನ್ನು ಪಟಪಟನೆ ಬಡಿಯುತ್ತದೆ. ಆ ರಭಸಕ್ಕೆ ಕಲ್ಲುಗಳೆದ್ದು ಗುಂಡಿ ಬೀಳುತ್ತದೆ. ಅದರಲ್ಲಿ ಮೊಟ್ಟೆ ಇಟ್ಟು, ಗಂಡು ಅದನ್ನು ಫಲಿತಗೊಳಿಸಿದ ಮೇಲೆ, ಹೆಣ್ಣು ತುಸು ಮೇಲಕ್ಕೆ ಸರಿದು ಮತ್ತೆ ಬಾಲ ಬಡಿಯುತ್ತದೆ. ಅಲ್ಲಿಂದ ಎದ್ದ ಕಲ್ಲು ಕೆಳಗಿನ ಮೊಟ್ಟೆಗಳನ್ನು ಮುಚ್ಚುತ್ತದೆ. ವಸಂತದವರೆಗೂ ಕಲ್ಲಿನ ಸಂದುಗಳಲ್ಲಿ ತಣ್ಣೀರು ನುಸುಳುತ್ತಿದ್ದರೆ ಮಾತ್ರ ಮೊಟ್ಟೆಗೆ ಆಮ್ಲಜನಕ. ಹೊಲದ ಮಣ್ಣು ಕೊಚ್ಚಿಬಂದು ಸಂದು ಕಟ್ಟಿಕೊಂಡರೆ ಒಳಗೇ ಸಾಯುತ್ತವೆ. 2015ರ ಡಿಸೆಂಬರ್ ಕೊನೆಯಲ್ಲಿ ಡೀ ದಡದ ಬ್ಯಾಲಟರ್ ಊರನ್ನು ಮುಳುಗಿಸಿದಂಥ ನೆರೆ ಬಂದರೆ ತಳವೇ ಕಿತ್ತುಹೋಗುತ್ತದೆ, ಅದೂ ಮೊಟ್ಟೆಗಳು ಕಲ್ಲಿನಡಿ ಇರುವ ಹೊತ್ತಿನಲ್ಲೇ.

ಮರಿಗಳು ಸಾಮಾನ್ಯವಾಗಿ ಎರಡು-ಮೂರು ವರ್ಷ ಹಳ್ಳದಲ್ಲೇ ಬೆಳೆದು, ಬೆಳ್ಳಿಬಣ್ಣದ ಸ್ಮೋಲ್ಟ್ ಆಗಿ ಕಡಲಿಗಿಳಿಯುತ್ತವೆ. ಹಿಂದೆ ನೂರು ಸ್ಮೋಲ್ಟ್ ಹೋದರೆ ಇಪ್ಪತ್ತಕ್ಕೂ ಹೆಚ್ಚು ದೊಡ್ಡದಾಗಿ ಮೊಟ್ಟೆಯಿಡಲು ನದಿಗೆ ಹಿಂತಿರುಗುತ್ತಿದ್ದವು; ಈಗ ಐದೂ ಬರುವುದಿಲ್ಲ ಎಂಬುದು ಅಂದಾಜು. ಬ್ರಿಟನ್ನಿನ ಅಟ್ಲಾಂಟಿಕ್ ಸಾಲ್ಮನ್ ಅಳಿವಿನಂಚಿನಲ್ಲಿದೆ ಎಂದು ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ (ಐಯುಸಿಎನ್) 2023ರಲ್ಲಿ ಗುರುತಿಸಿತು. ಕಡಲಿನ ನಷ್ಟವನ್ನು ಒಂದು ನದಿಯ ಮೀನನ್ನು ನೋಡಿಕೊಳ್ಳುವ ಮಂಡಳಿ ತಡೆಯಲಾರದು. ಅದರ ಕೈಯಲ್ಲಿರುವುದು ಒಂದೇ: ಕಡಲಿಗಿಳಿಯುವ ಗಟ್ಟಿಮುಟ್ಟಾದ ಸ್ಮೋಲ್ಟ್‌ಗಳ ಸಂಖ್ಯೆ ಹೆಚ್ಚಿಸುವುದು.

ಆ ಸಂಖ್ಯೆ ಹೇಗೆ ನಿರ್ಧಾರವಾಗುತ್ತದೆ ಎಂಬುದನ್ನು ಡೀ ನದಿಯ ಉಪನದಿ ಗಿರ್ನಾಕ್ ಬರ್ನ್ ಕಲಿಸಿಕೊಟ್ಟಿತು. ಅಲ್ಲಿ 1966ರಿಂದ ಬಲೆಕಟ್ಟೆ ಹಾಕಿ ಮೇಲೇರುವ ದೊಡ್ಡ ಮೀನು, ಕೆಳಗಿಳಿಯುವ ಮರಿ ಎರಡನ್ನೂ ಎಣಿಸುತ್ತ ಬಂದಿದ್ದಾರೆ. ಇಷ್ಟು ತಾಳ್ಮೆಯ ಎಣಿಕೆಗೆ ನನಗಂತೂ ಅಪಾರ ಗೌರವವಿದೆ. ಪ್ರತಿ ಮರಿಗೂ ತನ್ನದೇ ಜಾಗ ಬೇಕು. ಹಳ್ಳ ತುಂಬಿದ್ದಾಗ ಇನ್ನಷ್ಟು ಮೊಟ್ಟೆ ಬಿದ್ದರೂ ಸ್ಮೋಲ್ಟ್ ಹೆಚ್ಚುವುದಿಲ್ಲ, ಜಾಗಕ್ಕಾಗಿ ಕಾದಾಡಿ ಮಿಕ್ಕವು ಸಾಯುತ್ತವೆ. ಮೊಟ್ಟೆಗಳು ಒಂದು ಮಿತಿಗಿಂತ ಕಡಿಮೆಯಾದಾಗ ಮಾತ್ರ ಕಳೆದುಕೊಂಡ ಒಂದೊಂದು ಹೆಣ್ಣು ಮೀನೂ ನೇರ ನಷ್ಟ. ಗಿರ್ನಾಕ್‌ಗೆ ಮರಳುವ ಹೆಣ್ಣುಗಳು ದಶಕಗಳಲ್ಲಿ ತೀರಾ ಇಳಿದಿರುವುದರಿಂದಲೇ ಇದು ಈಗ ಕಳವಳದ ಸಂಗತಿ.

2016ರಿಂದ ಸ್ಕಾಟ್ಲೆಂಡ್ ತನ್ನ ನದಿಗಳಿಗೆ ದರ್ಜೆ ಕೊಡುವುದೂ ಇದೇ ಲೆಕ್ಕದ ಮೇಲೆ. ನದಿಗೆ ಬೇಕಾದಷ್ಟು ಮೊಟ್ಟೆ ಸಿಗುವ ಸಂಭವ ಶೇ. 80 ಅಥವಾ ಹೆಚ್ಚಿದ್ದರೆ ಒಂದನೇ ದರ್ಜೆ, 60ರಿಂದ 80ರ ನಡುವೆ ಎರಡನೆಯದು, 60ಕ್ಕಿಂತ ಕಡಿಮೆಯಾದರೆ ಮೂರನೆಯದು. ಮೂರನೇ ದರ್ಜೆಯಲ್ಲಿ ಗಾಳಕ್ಕೆ ಸಿಕ್ಕ ಸಾಲ್ಮನ್ನನ್ನು ಜೀವಂತ ಬಿಡಲೇಬೇಕು.

ಇನ್ನು ಬಿಸಿಲು. ನೀರು ಸುಮಾರು 23 ಡಿಗ್ರಿ ದಾಟಿದರೆ ಮರಿಗಳು ಆಹಾರ ಮುಟ್ಟುವುದಿಲ್ಲ, ಬೆಳವಣಿಗೆ ನಿಲ್ಲುತ್ತದೆ. 2018ರ ಬೇಸಿಗೆಯಲ್ಲಿ ಸ್ಕಾಟ್ಲೆಂಡಿನ ಬಹುಪಾಲು ನದಿಗಳು ಆ ಮಟ್ಟ ಮುಟ್ಟಿದವು. ಡೀ ನದಿಯ ಮೇಲ್ಭಾಗದಲ್ಲಿ ಜಿಂಕೆಗಳ ಮೇವಿಗೆ ಸಿಕ್ಕಿ ಸಸಿಗಳು ಏಳದೆ ಬೆಟ್ಟಗಳು ಬೋಳಾಗಿವೆ. ಅದಕ್ಕೇ 2035ರೊಳಗೆ ಹತ್ತು ಲಕ್ಷ ದೇಶಿ ಮರಗಳನ್ನು ನೆಡುವ ಗುರಿ ಇಟ್ಟುಕೊಂಡು, ಬೇಲಿ ಹಾಕಿ ಬೆಳೆಸುತ್ತಿದ್ದಾರೆ. ಎಲ್ಲಿ ನೆಡಬೇಕು ಎಂಬುದೇ ಇಲ್ಲಿನ ಜಾಣ್ಮೆ. ಅಗಲ ಹೊಳೆಗೆ ದಡದ ಮರದ ನೆರಳು ಸಾಲದು, ಕಿರಿದಾದ ಹಳ್ಳವನ್ನು ಕೊಂಬೆಗಳು ಪೂರಾ ಕವಿಯುತ್ತವೆ. ನಡುಹಗಲಿನಲ್ಲಿ ಸೂರ್ಯ ಅಲ್ಲಿ ಸದಾ ದಕ್ಷಿಣದ ಕಡೆ ಇರುವುದರಿಂದ, ಪೂರ್ವಕ್ಕೆ ಹರಿಯುವ ನೀರಿಗೆ ಹೆಚ್ಚು ನೆರಳು ಕೊಡುವುದು ದಕ್ಷಿಣದ ದಡದ ಮರ. ಆದರೆ ನೆಟ್ಟ ಸಸಿ ನೆರಳಾಗಲು ವರ್ಷಗಳೇ ಬೇಕು. ಅಲ್ಲಿಯವರೆಗೆ ಬೇರುಸಮೇತ ಮರದ ದಿಮ್ಮಿಗಳನ್ನು ಹೊಳೆಗೆ ಇಳಿಸುತ್ತಾರೆ. ಅವುಗಳ ಮಗ್ಗುಲಲ್ಲಿ ಮಡು ಬಿದ್ದು ಮರಿಗಳಿಗೆ ಅಡಗುತಾಣವಾಗುತ್ತದೆ.

ಇದೆಲ್ಲ ನಡೆಸುವವರು ಇಬ್ಬರು. ಕಾನೂನಿನ ಬಲವಿರುವ ಜಿಲ್ಲಾ ಸಾಲ್ಮನ್ ಮಂಡಳಿ ಮೀನುಗಾರಿಕೆಯ ಹಕ್ಕುದಾರರಿಂದ ಶುಲ್ಕ ಎತ್ತಿ ಕಾವಲು ನೋಡಿಕೊಳ್ಳುತ್ತದೆ. ಡೀ ನದಿ ಟ್ರಸ್ಟ್ ಸಂಶೋಧನೆ, ಪುನಶ್ಚೇತನದ ಕೆಲಸ ಮಾಡುತ್ತದೆ. ಅವರು ಕಾಯುತ್ತಿರುವುದು ಸಾಲ್ಮನ್ ಒಂದನ್ನೇ ಅಲ್ಲ. ಸಿಹಿನೀರಿನ ಮುತ್ತಿನ ಚಿಪ್ಪಿನ ಮರಿಗಳು ಮೊದಲ ತಿಂಗಳುಗಳನ್ನು ಎಳೆಯ ಸಾಲ್ಮನ್ ಅಥವಾ ಟ್ರೌಟ್ ಮೀನಿನ ಕಿವಿರಿಗೆ ಅಂಟಿಕೊಂಡು ಕಳೆಯುತ್ತವೆ. ಅಬರ್ಡೀನ್ ಜನ ಕುಡಿಯುವ ನೀರೂ ಇದೇ ನದಿಯದು.

ಮೊಟ್ಟೆ ಮರಿಮಾಡಿಸುವ ಕೇಂದ್ರ ತೆರೆದು ಲಕ್ಷಗಟ್ಟಲೆ ಮರಿ ಬಿಟ್ಟರಾಗದೇ ಎಂಬ ಪ್ರಶ್ನೆ ಏಳುತ್ತದೆ. ತೊಟ್ಟಿಯಲ್ಲಿ ಬೆಳೆದ ಮೀನುಗಳು ಕಾಡು ಮೀನಿನಷ್ಟು ಸಂತತಿ ಬಿಡುವುದಿಲ್ಲ ಎಂದು ಹಲವು ಅಧ್ಯಯನಗಳು ತೋರಿಸಿವೆ. ಆ ಕೇಂದ್ರಕ್ಕಾಗಿ ಹಳ್ಳದಿಂದ ಎತ್ತಿದ ತಾಯಿಮೀನಿನ ಮೊಟ್ಟೆಯೂ ಆ ಹಳ್ಳಕ್ಕೆ ತಪ್ಪುತ್ತದೆ. ಹಣ ಇರುವುದು ಸ್ವಲ್ಪವೇ ಆದರೆ ಅದನ್ನು ತೊಟ್ಟಿಗೆ ಸುರಿಯುವ ಬದಲು ಹಳ್ಳದ ದಡಕ್ಕೆ ಹಾಕುವುದೇ ಸರಿ ಎಂದು ನನ್ನ ಅಭಿಪ್ರಾಯ.