ನಿಯೋಆಂಟಿಜನ್ ಲಸಿಕೆ: ಮ್ಯುಟೇಶನ್ ಪೆಪ್ಟೈಡಿನ ಯಾವ ಸ್ಥಾನದಲ್ಲಿದೆ?

ಕ್ಯಾನ್ಸರ್ ಗಡ್ಡೆಯ ಮ್ಯುಟೇಶನ್‌ನಿಂದ (ಡಿಎನ್‌ಎ ಬದಲಾವಣೆಯಿಂದ) ಹುಟ್ಟಿದ, ದೇಹದಲ್ಲಿ ಬೇರೆಲ್ಲೂ ಇಲ್ಲದ ಪ್ರೋಟೀನ್ ತುಣುಕೇ (ಪೆಪ್ಟೈಡ್) ನಿಯೋಆಂಟಿಜನ್. ಅದನ್ನು ಗುರುತಿಸಲು ರೋಗನಿರೋಧಕ ಟಿ ಕೋಶಗಳಿಗೆ ಕಲಿಸುವುದು ಈ ಲಸಿಕೆಯ ಕೆಲಸ. ಒಬ್ಬ ರೋಗಿಯಲ್ಲಿ ಸಿಕ್ಕವುಗಳಲ್ಲಿ ಹೆಚ್ಚಿನವು ಇನ್ನೊಬ್ಬರಲ್ಲಿ ಇರುವುದಿಲ್ಲ, ಹಾಗಾಗಿ ಲಸಿಕೆಯೂ ಒಬ್ಬೊಬ್ಬರಿಗೆ ಬೇರೆ ಬೇರೆ. ಸಿಕ್ಕ ಮ್ಯುಟೇಶನ್‌ಗಳಲ್ಲಿ ಯಾವುದನ್ನು ಲಸಿಕೆಗೆ ಸೇರಿಸಬೇಕು ಎಂಬ ಆಯ್ಕೆಯೇ ಕಷ್ಟದ ಭಾಗ.

ಮಾದರಿಗಳು

ಗಡ್ಡೆಯ ಡಿಎನ್‌ಎ, ರಕ್ತದ ಡಿಎನ್‌ಎ, ಗಡ್ಡೆಯ ಆರ್‌ಎನ್‌ಎ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಹುಟ್ಟಿನಿಂದ ಬಂದ ವ್ಯತ್ಯಾಸಗಳು ಹೋಗುತ್ತವೆ. ಆರ್‌ಎನ್‌ಎಯಲ್ಲಿ ಮ್ಯುಟೇಶನ್ ಹೊತ್ತ ರೀಡ್‌ಗಳೇ (ಯಂತ್ರ ಓದಿದ ಅನುಕ್ರಮದ ತುಂಡುಗಳು) ಕಾಣಬೇಕು, ಜೀನ್ ಚಾಲೂ ಇದ್ದರೆ ಸಾಲದು. ಫಾರ್ಮಲಿನ್‌ನಲ್ಲಿಟ್ಟ ಅಂಗಾಂಶದಲ್ಲಿ ಸೈಟೊಸಿನ್ ಕೆಟ್ಟು ಥೈಮಿನ್‌ನಂತೆ ಓದಿಸಿಕೊಳ್ಳುತ್ತದೆ. ಕಡಿಮೆ ಪ್ರಮಾಣದ ಸಿ→ಟಿ ಬದಲಾವಣೆಗಳ ದಂಡೇ ಕಂಡರೆ ಅನುಮಾನಿಸಿ.

ಒಂದು ಮ್ಯುಟೇಶನ್, 228 ಲೆಕ್ಕ

ಪೆಪ್ಟೈಡನ್ನು ಕೋಶದ ಮೇಲ್ಮೈಯಲ್ಲಿ ಹಿಡಿದು ಟಿ ಕೋಶಕ್ಕೆ ತೋರಿಸುವುದು ಎಚ್‌ಎಲ್‌ಎ ಅಣು. ಎಚ್‌ಎಲ್‌ಎ ಕ್ಲಾಸ್ 1 ಅಣುವಿನಲ್ಲಿ ಸಾಮಾನ್ಯವಾಗಿ 8ರಿಂದ 11 ಅಮೈನೋ ಆಮ್ಲದ ಪೆಪ್ಟೈಡ್ ಕೂರುತ್ತದೆ. ಬದಲಾದ ಅಮೈನೋ ಆಮ್ಲ 9ರ ಉದ್ದದ ತುಣುಕಿನಲ್ಲಿ 9 ಸ್ಥಾನಗಳಲ್ಲಿ ಎಲ್ಲಿ ಬೇಕಾದರೂ ಬರಬಹುದು, ಅಂದರೆ 9 ತುಣುಕು. ಎಲ್ಲ ಉದ್ದ ಸೇರಿ 8+9+10+11 = 38. ಒಬ್ಬರಲ್ಲಿ ಹೆಚ್ಚೆಂದರೆ 6 ಕ್ಲಾಸ್ 1 ಅಲೀಲ್‌ಗಳು, ಅಂದರೆ ಜೀನ್‌ನ ರೂಪಗಳು (ಎ, ಬಿ, ಸಿ ಜೀನ್‌ಗಳಿಂದ ತಲಾ ಎರಡು), ಆದ್ದರಿಂದ 38×6 = 228 ಜೋಡಿ. ಮ್ಯುಟೇಶನ್ನಿನ ಎರಡೂ ಕಡೆ 10 ಅಮೈನೋ ಆಮ್ಲ ತೆಗೆದುಕೊಳ್ಳಿ. 8 ಮಾತ್ರ ತೆಗೆದುಕೊಂಡರೆ 10, 11ರ ಉದ್ದದ ಕೆಲವು ತುಣುಕುಗಳು ಸದ್ದಿಲ್ಲದೆ ತಪ್ಪಿಹೋಗುತ್ತವೆ.

ಅಂಟುವುದು ಬೇರೆ, ಗುರುತು ಸಿಗುವುದು ಬೇರೆ

ಸಾಫ್ಟ್‌ವೇರ್ ಕೊಡುವ ಅಂಕ ಪೆಪ್ಟೈಡ್ ಎಚ್‌ಎಲ್‌ಎಗೆ ಎಷ್ಟು ಗಟ್ಟಿಯಾಗಿ ಅಂಟುತ್ತದೆ ಎಂಬುದನ್ನಷ್ಟೇ ಹೇಳುತ್ತದೆ. 500 ನ್ಯಾನೋಮೋಲಾರ್‌ಗಿಂತ ಕಡಿಮೆಯಿದ್ದರೆ ಅಂಟುತ್ತದೆ, 50ಕ್ಕಿಂತ ಕಡಿಮೆಯಿದ್ದರೆ ಗಟ್ಟಿ ಎಂಬುದು ರೂಢಿ. ಟಿ ಕೋಶ ಅದನ್ನು ಅನ್ಯವೆಂದು ಗುರುತಿಸುತ್ತದೆಯೇ ಎಂಬುದಕ್ಕೆ ಈ ಅಂಕದಲ್ಲಿ ಉತ್ತರವಿಲ್ಲ.

ಎಚ್‌ಎಲ್‌ಎ-ಎ*02:01 ತೆಗೆದುಕೊಳ್ಳಿ. ಇದರಲ್ಲಿ 2ನೇ ಮತ್ತು 9ನೇ ಸ್ಥಾನಗಳು ಲಂಗರು, ಅಂದರೆ ಪೆಪ್ಟೈಡನ್ನು ಎಚ್‌ಎಲ್‌ಎಗೆ ಹಿಡಿದಿಡುವ ಜಾಗಗಳು: 2ರಲ್ಲಿ ಲ್ಯೂಸೀನ್ ಅಥವಾ ಮೆಥಿಯೋನೀನ್, 9ರಲ್ಲಿ ವ್ಯಾಲೀನ್ ಅಥವಾ ಲ್ಯೂಸೀನ್ ಇಷ್ಟ. ಲಂಗರುಗಳು ಎಚ್‌ಎಲ್‌ಎಯೊಳಗೆ ಹೂತಿರುತ್ತವೆ. ಟಿ ಕೋಶಕ್ಕೆ ಮುಖ್ಯವಾಗಿ ಕಾಣುವುದು ನಡುವಿನ ಭಾಗ, ಅದೇ ಪೆಪ್ಟೈಡಿನ ಮುಖ. ಈಗ ನಾಲ್ಕು ಸಂದರ್ಭ ನೋಡಿ (ಅಂಕಗಳು ಅಭ್ಯಾಸಕ್ಕಾಗಿ ಇಟ್ಟುಕೊಂಡವು).

ಒಂದು: 2ನೇ ಸ್ಥಾನದಲ್ಲಿ ಸೀರೀನ್ ಹೋಗಿ ಲ್ಯೂಸೀನ್ ಬಂತು. ಮೂಲ ಪೆಪ್ಟೈಡ್ 8000, ಹೊಸದು 40. ಮೂಲವು ಕೋಶದ ಮೇಲ್ಮೈಗೆ ಬಂದಿರುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ, ಆದ್ದರಿಂದ ಈ ಮುಖವನ್ನು ಗುರುತಿಸುವ ಟಿ ಕೋಶಗಳನ್ನು ಥೈಮಸ್ (ಸ್ವಂತ ದೇಹವನ್ನು ಗುರುತಿಸುವ ಟಿ ಕೋಶಗಳನ್ನು ತೆಗೆದುಹಾಕುವ ಎದೆಯ ಗ್ರಂಥಿ) ಅಳಿಸಿರುವ ಸಾಧ್ಯತೆ ಕಡಿಮೆ. ಇಟ್ಟುಕೊಳ್ಳಿ.

ಎರಡು: ಅದೇ ಸ್ಥಾನದಲ್ಲಿ ಮೆಥಿಯೋನೀನ್ ಹೋಗಿ ಲ್ಯೂಸೀನ್ ಬಂತು. ಮೂಲ 50, ಹೊಸದು 35. ಅಂಕ ಬಹಳ ಚೆನ್ನಾಗಿದೆ, ಆದರೆ ಹೊರಗೆ ಕಾಣುವ ಮುಖ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಅದನ್ನು ಗುರುತಿಸಬಲ್ಲ ಕೋಶಗಳು ಮೊದಲೇ ಅಳಿದಿರುವ ಸಾಧ್ಯತೆ ಹೆಚ್ಚು. ಪಟ್ಟಿಯ ತುದಿಯಲ್ಲಿ ಕೂತು ಮೋಸ ಮಾಡುವುದು ಇದೇ.

ಮೂರು: 5ನೇ ಸ್ಥಾನದಲ್ಲಿ ಗ್ಲೈಸೀನ್ ಹೋಗಿ ಆರ್ಜಿನೀನ್ ಬಂತು. ಮೂಲ 60, ಹೊಸದು 55. ಎರಡೂ ಅಂಟುತ್ತವೆ, ಆದರೆ ಮುಖ ಬದಲಾಗಿದೆ. ಇಟ್ಟುಕೊಳ್ಳಿ.

ನಾಲ್ಕು: ಮ್ಯುಟೇಶನ್ ಲಂಗರನ್ನೇ ಕೆಡಿಸಿತು. ಬಿಡಿ.

ಹೊಸದರ ಅಂಕವನ್ನು ಮೂಲದ ಅಂಕದಿಂದ ಭಾಗಿಸಿ, ಸಣ್ಣ ಭಾಗಲಬ್ಧವಿದ್ದವನ್ನು ಮಾತ್ರ ಇಟ್ಟುಕೊಳ್ಳುವ ಅಡ್ಡದಾರಿ ಒಂದಿದೆ. ಅದು ಎರಡನೆಯದನ್ನು ಸರಿಯಾಗಿಯೇ ಕಿತ್ತುಹಾಕುತ್ತದೆ (0.7), ಜೊತೆಗೆ ಮೂರನೆಯದನ್ನೂ (0.92). ಆದ್ದರಿಂದ ಮೊದಲು ಸ್ಥಾನ ನೋಡಿ. ಭಾಗಾಕಾರವನ್ನು ಲಂಗರಿನ ಮ್ಯುಟೇಶನ್‌ಗಳಿಗೆ ಮಾತ್ರ ಬಳಸಿ. ಒಂದೇ ಮ್ಯುಟೇಶನ್ ಒಂದು ತುಣುಕಿನಲ್ಲಿ ಲಂಗರಾಗಿ, ಪಕ್ಕದ ತುಣುಕಿನಲ್ಲಿ ಮುಖವಾಗಿ ಬರುತ್ತದೆ, ಹಾಗಾಗಿ ತೀರ್ಪು ತುಣುಕಿಗೆ, ಮ್ಯುಟೇಶನ್‌ಗಲ್ಲ. ಲಂಗರು ಸ್ಥಾನಗಳು ಅಲೀಲ್‌ನಿಂದ ಅಲೀಲ್‌ಗೆ ಬದಲಾಗುತ್ತವೆ ಎಂಬುದೂ ನೆನಪಿರಲಿ.

ಇಷ್ಟೆಲ್ಲ ಸೋಸಿದರೂ ಗುರಿ ತಪ್ಪುವುದೇ ಹೆಚ್ಚು. 2020ರ ಟೆಸ್ಲಾ (TESLA) ಎಂಬ ಸಂಶೋಧಕರ ಒಕ್ಕೂಟದ ಅಧ್ಯಯನದಲ್ಲಿ ಪರೀಕ್ಷಿಸಿದ 608 ಪೆಪ್ಟೈಡ್‌ಗಳಲ್ಲಿ ಟಿ ಕೋಶಗಳು ಗುರುತಿಸಿದ್ದು 37 ಮಾತ್ರ.

ಎಲ್ಲ ಕೋಶಗಳಲ್ಲೂ ಇದೆಯೇ?

ಎರಡು ಪ್ರತಿ ಇರುವ ಜೀನ್‌ನಲ್ಲಿ ಒಂದು ಪ್ರತಿ ಮಾತ್ರ ಕೆಟ್ಟಿದ್ದರೆ ಮ್ಯುಟೇಶನ್ ಹೊತ್ತ ಕ್ಯಾನ್ಸರ್ ಕೋಶಗಳ ಪಾಲು = 2 × ಮ್ಯುಟೇಶನ್ ಹೊತ್ತ ರೀಡ್‌ಗಳ ಪಾಲು ÷ ಗಡ್ಡೆಯ ಶುದ್ಧತೆ (ಮಾದರಿಯಲ್ಲಿ ಕ್ಯಾನ್ಸರ್ ಕೋಶಗಳ ಪಾಲು). ರೀಡ್ 15%, ಶುದ್ಧತೆ 30% ಆದರೆ ಎಲ್ಲ ಕೋಶಗಳಲ್ಲೂ ಇದೆ. ಅದೇ 15%, ಶುದ್ಧತೆ 60% ಆದರೆ ಅರ್ಧದಲ್ಲಿ ಮಾತ್ರ. ಜೀನ್ ಪ್ರತಿಗಳ ಸಂಖ್ಯೆ ಬದಲಾಗಿದ್ದರೆ ಈ ಸೂತ್ರ ನಡೆಯದು. ಗಡ್ಡೆ ಒಂದು ಎಚ್‌ಎಲ್‌ಎ ಅಲೀಲ್ ಅನ್ನೇ ಕಳೆದುಕೊಂಡಿದ್ದರೆ ಅದಕ್ಕಂಟುವ ಪೆಪ್ಟೈಡ್‌ಗಳನ್ನೆಲ್ಲ ಹೊಡೆದುಹಾಕಿ.

ತಯಾರಿ, ಫಲಿತಾಂಶ

ಎಂಆರ್‌ಎನ್‌ಎ-4157 ಲಸಿಕೆಯಲ್ಲಿ 34 ನಿಯೋಆಂಟಿಜನ್‌ಗಳವರೆಗೆ ಜಾಗವಿದೆ. ಹೀಗೆ ಸಾಲಾಗಿ ಪೋಣಿಸುವಾಗ ಎರಡು ತುಣುಕು ಸೇರುವ ಜಾಗದಲ್ಲಿ ಯಾರಿಗೂ ಬೇಡದ ಹೊಸ ಪೆಪ್ಟೈಡ್ ಹುಟ್ಟಬಹುದು, ಕ್ರಮ ಬದಲಿಸಿ ತಪ್ಪಿಸಬೇಕು. ಕೀನೋಟ್-942 ಪ್ರಯೋಗದಲ್ಲಿ ಶಸ್ತ್ರಚಿಕಿತ್ಸೆಯಾದ 157 ಮೆಲನೋಮಾ ರೋಗಿಗಳಿದ್ದರು. ಒಂದು ಗುಂಪಿಗೆ ಪೆಂಬ್ರೊಲಿಜುಮ್ಯಾಬ್ (ಟಿ ಕೋಶಗಳ ತಡೆ ತೆಗೆಯುವ ಕ್ಯಾನ್ಸರ್ ಔಷಧ) ಜೊತೆ 3 ವಾರಕ್ಕೊಮ್ಮೆ 1 ಮಿಲಿಗ್ರಾಂನಂತೆ 9 ಡೋಸ್‌ವರೆಗೆ ಲಸಿಕೆ, ಇನ್ನೊಂದಕ್ಕೆ ಪೆಂಬ್ರೊಲಿಜುಮ್ಯಾಬ್ ಮಾತ್ರ. ರೋಗ ಮರಳುವ ಅಥವಾ ಸಾವಿನ ಅಪಾಯ 44% ಇಳಿಯಿತು, ಆದರೆ ಮೊದಲ ವಿಶ್ಲೇಷಣೆಯಲ್ಲಿ ಎರಡು ಗುಂಪುಗಳ ಅಪಾಯದ ಅನುಪಾತದ ವಿಶ್ವಾಸದ ವ್ಯಾಪ್ತಿ 0.309ರಿಂದ 1.017 (1 ಎಂದರೆ ವ್ಯತ್ಯಾಸವಿಲ್ಲ). 1 ದಾಟಿದ್ದನ್ನು ಗಮನಿಸಿ.

ಕ್ಲಾಸ್ 1 ಲೆಕ್ಕಕ್ಕೇ ಅಂಟಿಕೊಂಡವರು 2017ರ ನಿಯೋವ್ಯಾಕ್ಸ್ ಅಧ್ಯಯನ ನೋಡಬೇಕು. 6 ಮೆಲನೋಮಾ ರೋಗಿಗಳು, ಉದ್ದನೆಯ ಪೆಪ್ಟೈಡ್‌ಗಳ ಲಸಿಕೆ, ಒಟ್ಟು 97 ನಿಯೋಆಂಟಿಜನ್. ಆರಿಸಿದ್ದು ಕ್ಲಾಸ್ 1 ಅಂಕ ನೋಡಿ. ಆದರೆ ಕ್ಲಾಸ್ 1 ಓದುವ ಸಿಡಿ8 ಟಿ ಕೋಶಗಳು ಸ್ಪಂದಿಸಿದ್ದು 15ಕ್ಕೆ, ಕ್ಲಾಸ್ 2 (ಇನ್ನೊಂದು ಬಗೆಯ ಎಚ್‌ಎಲ್‌ಎ) ಓದುವ ಸಿಡಿ4 ಟಿ ಕೋಶಗಳು 58ಕ್ಕೆ.